ಅಪೆಂಡಿಕ್ಸ್‌ನ ಒಂದು ಸೀಳಿನಲ್ಲಿ ನಾಲ್ಕೂ ಇವೆ

ನಮ್ಮಣ್ಣನ ಮಗಳು ಈ ವರ್ಷ ಒಂಬತ್ತನೇ ಕ್ಲಾಸು. ಅಂಗಾಂಶಗಳ, ಅಂದರೆ ಒಂದೇ ಕೆಲಸಕ್ಕೆ ಸೇರಿದ ಕೋಶಗಳ ಗುಂಪುಗಳ, ಪಾಠ ಬಾಯಿಪಾಠ ಮಾಡಿದ್ದಾಳೆ. ಪ್ರಾಣಿಗಳಲ್ಲಿ ಅನುಲೇಪಕ (ಹೊದಿಕೆಯಂಥದ್ದು), ಸಂಯೋಜಕ (ಜೋಡಿಸಿ ಆಧಾರ ಕೊಡುವಂಥದ್ದು), ಸ್ನಾಯು, ನರ ಅಂತ ನಾಲ್ಕು ಬಗೆ. ಎಲ್ಲ ಒಪ್ಪಿಸಿ ಆದಮೇಲೆ ಕೇಳಿದಳು, "ಅತ್ತೆ, ಇವು ಒಂದೊಂದೂ ಮೈಯಲ್ಲಿ ಎಲ್ಲೆಲ್ಲಿ ಇರುತ್ತವೆ?" ಪುಸ್ತಕದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಚಿತ್ರ ಇದೆಯಲ್ಲ, ಮೈಯಲ್ಲೂ ಹಾಗೇ ಬೇರೆ ಬೇರೆ ಇರುತ್ತವೆ ಅಂತ ಅವಳ ಲೆಕ್ಕ. ನಾನು ತುಮಕೂರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನೀಷಿಯನ್. ಅಂಗಾಂಶ ಕತ್ತರಿಸಿ ಸ್ಲೈಡ್ ಮಾಡುವುದೇ ನನ್ನ ಕೆಲಸ. ಒಂದೇ ಬಗೆ ಒಂಟಿಯಾಗಿ ಇರುವ ಅಂಗ ನನ್ನ ಮೇಜಿಗೆ ಬರುವುದೇ ಇಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಸ್ವಲ್ಪ ಜಾಸ್ತಿ ಸೇರಿಸಿ.

ಆಪರೇಷನ್‌ನಲ್ಲಿ ತೆಗೆದ ತುಂಡು ಫಾರ್ಮಾಲಿನ್ ಡಬ್ಬಿಯಲ್ಲಿ ನಮ್ಮಲ್ಲಿಗೆ ಬರುತ್ತದೆ. ಬೇಕಾದ ಜಾಗದಿಂದ ಡಾಕ್ಟರು ಸಣ್ಣ ಚೂರು ಆರಿಸಿ ಕೊಡುತ್ತಾರೆ. ಆಲ್ಕೋಹಾಲ್‌ನಲ್ಲಿ ಅದರ ನೀರು ತೆಗೆದು, ಝೈಲೀನ್ ದಾಟಿಸಿ, ಕರಗಿದ ಮೇಣ ತುಂಬಿಸಿ ಬ್ಲಾಕ್ ಮಾಡುತ್ತೇವೆ. ಆಮೇಲೆ ಮೈಕ್ರೋಟೋಮ್‌ನಲ್ಲಿ 4 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತೇವೆ. 1 ಮಿಲಿಮೀಟರ್ ದಪ್ಪದಲ್ಲಿ ಅಂಥ 250 ಪದರ ಹಿಡಿಸುತ್ತವೆ. ಪದರವನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ ಸ್ಲೈಡಿಗೆ ಎತ್ತಿಕೊಳ್ಳಬೇಕು. ಆಗ ಅದು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಬಣ್ಣ ಹಾಕಿದ ಮೇಲೇ ಎಲ್ಲ ಎದ್ದು ಬರುವುದು. ಹೆಮಟಾಕ್ಸಿಲಿನ್ ಹಾಕಿದರೆ ಕೋಶಗಳ ನ್ಯೂಕ್ಲಿಯಸ್ ನೀಲಿ, ಇಯೋಸಿನ್ ಹಾಕಿದರೆ ಉಳಿದದ್ದು ಗುಲಾಬಿ. ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುವ ಬಣ್ಣ. ಇಷ್ಟು ವರ್ಷವಾದರೂ ಆ ಎರಡು ಬಣ್ಣ ಏರುವುದನ್ನು ನೋಡುವುದು ನನಗೆ ಬೇಜಾರಾಗಿಲ್ಲ.

ಅಪೆಂಡಿಕ್ಸ್‌ನ ಅಡ್ಡ ಸೀಳು ನೋಡಿ. ನಡುವೆ ತೂತು. ಅದರ ಸುತ್ತ ಉದ್ದನೆಯ ಕೋಶಗಳು ಒಂದೇ ಸಾಲಿನಲ್ಲಿ ನಿಂತಿವೆ, ನಡುನಡುವೆ ಲೋಳೆ ಮಾಡುವ ಕೋಶಗಳು. ಇದು ಅನುಲೇಪಕ. ಇದರೊಳಗೆ ರಕ್ತನಾಳವೇ ಇಲ್ಲ, ಕೆಳಗಿನ ಪದರದಿಂದ ಒಸರಿ ಬರುವ ಆಹಾರವೇ ಗತಿ. ಆ ಕೆಳಗಿನ ಪದರ ಸಂಯೋಜಕ ಅಂಗಾಂಶ. ಅಲ್ಲಿ ನಾರು, ರಕ್ತನಾಳ, ರೋಗದ ವಿರುದ್ಧ ಕಾಯುವ ಕೋಶಗಳ ನೀಲಿ ಗುಂಪುಗಳು. ಅದರಾಚೆ ಎರಡು ಪದರ ನುಣುಪು ಸ್ನಾಯು, ಒಂದು ಸುತ್ತುಬಳಸಿ, ಇನ್ನೊಂದು ಉದ್ದಕ್ಕೆ. ಆ ಎರಡರ ಸಂದಿಯಲ್ಲಿ ಹುಡುಕಿದರೆ ದೊಡ್ಡ ದೊಡ್ಡ ನರಕೋಶಗಳ ಸಣ್ಣ ಗುಂಪು ಸಿಗುತ್ತದೆ. ಸ್ನಾಯು ಯಾವಾಗ ಹಿಂಡಬೇಕು ಅಂತ ಹೇಳುವುದು ಅವೇ. ಉಗುರಿನಗಲದ ತುಂಡಿನಲ್ಲಿ ನಾಲ್ಕೂ ಆಯ್ತು.

ಅಪೆಂಡಿಕ್ಸ್ ಊದಿಕೊಂಡಿದೆಯಾ ಅಂತ ಡಾಕ್ಟರು ಹೇಗೆ ಹೇಳುತ್ತಾರೆ ಗೊತ್ತಾ? ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಆ ಸ್ನಾಯು ಪದರದೊಳಗೆ ನುಗ್ಗಿವೆಯಾ ಅಂತ ನೋಡುತ್ತಾರೆ. ರಕ್ತವೂ ಸಂಯೋಜಕ ಅಂಗಾಂಶವೇ. ಆ ಕಣಗಳು ರಕ್ತದಲ್ಲಿದ್ದರೆ ಸಹಜ, ಸ್ನಾಯುವಿನಲ್ಲಿ ತುಂಬಿಕೊಂಡರೆ ಕಾಯಿಲೆ. ನಮ್ಮ ಕೆಲಸದಲ್ಲಿ ಎಷ್ಟೋ ಸಲ ನೋಡುವುದು ಇದನ್ನೇ, ಯಾವುದು ಯಾವುದರ ಜಾಗದಲ್ಲಿದೆ ಅಂತ.

ಮೂಳೆಯೂ ಸಂಯೋಜಕವೇ ಅಂದರೆ ಮಕ್ಕಳು ನಂಬುವುದಿಲ್ಲ. ಮೂಳೆ ಬಂದರೆ ನಮಗೂ ಕಾಯುವ ಕೆಲಸ. ಆಸಿಡ್‌ನಲ್ಲಿಟ್ಟು ಸುಣ್ಣದ ಅಂಶ ಬಿಡಿಸದೆ ಬ್ಲೇಡ್ ಇಳಿಯುವುದಿಲ್ಲ. ಸುಣ್ಣ ಹೋದಮೇಲೆ ಉಳಿಯುವುದು ಕೊಲಾಜನ್ ನಾರು, ಮೂಳೆ ಬಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳಿ ಸುಮ್ಮನಾಗಲು ಆಗುವುದಿಲ್ಲ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅದಕ್ಕಿಂತ ಬಹಳ ಹೆಚ್ಚು ಕುಡಿದರೆ ಫ್ಲೋರೈಡ್ ಮೂಳೆಯ ಖನಿಜದೊಳಗೆ ಸೇರಿಕೊಳ್ಳುತ್ತದೆ. ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟುಗಳೂ ಗಟ್ಟಿಯಾಗುತ್ತವೆ. ಬಾಗಿ ಬಳುಕಬೇಕಾದ ನಾರು ಸುಣ್ಣಗಟ್ಟಿದರೆ ಬೆನ್ನು, ಕುತ್ತಿಗೆ ತಿರುಗುವುದು ಹೇಗೆ? ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆರ್‌ಓ ಘಟಕದ ನೀರಿನಲ್ಲಿ ಕಡಿಮೆಯಾಗುತ್ತದೆ. ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಸ್ನಾಯುವಿನಲ್ಲಿ ಮೂರು ಬಗೆ, ಪುಸ್ತಕದಲ್ಲಿ ಚೆನ್ನಾಗಿಯೇ ಇದೆ. ಹೃದಯದ್ದು ಮಾತ್ರ ಹೇಳುತ್ತೇನೆ. ಕೋಶಗಳು ಕವಲೊಡೆದು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಾಗಾಗಿ ಎಲ್ಲ ಸೇರಿ ಒಟ್ಟಿಗೆ ಮಿಡಿಯುತ್ತವೆ. ಹಾರ್ಟ್ ಅಟ್ಯಾಕ್ ಆಗಿ ಆ ಸ್ನಾಯು ಸತ್ತರೆ ಮತ್ತೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಆ ಜಾಗಕ್ಕೆ ಸಂಯೋಜಕ ಅಂಗಾಂಶದ ಗಾಯದ ನಾರು ಬಂದು ಕೂರುತ್ತದೆ. ತೂತು ಬೀಳದಂತೆ ಅದು ಹಿಡಿದುಕೊಳ್ಳುತ್ತದೆ, ಮಿಡಿಯಲು ಮಾತ್ರ ಅದಕ್ಕೆ ಬರುವುದಿಲ್ಲ.

ನಾನು ಈ ಪೋಸ್ಟ್ ಬರೆಯಲು ಕೂತದ್ದೇ ಬಾಯಿಯ ಬಯಾಪ್ಸಿಗಳಿಗಾಗಿ, ಅಂದರೆ ಪರೀಕ್ಷೆಗೆ ಅಂತ ಬಾಯೊಳಗಿಂದ ತೆಗೆದ ಸಣ್ಣ ಚೂರುಗಳಿಗಾಗಿ. ನಮ್ಮದು ಗುಬ್ಬಿ ತಾಲ್ಲೂಕು, ಅಪ್ಪನದು ಅಡಿಕೆ ತೋಟ. ನನ್ನ ಓದಿನ ಫೀಸು ಬಂದದ್ದು ಆ ತೋಟದಿಂದಲೇ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ತಂಬಾಕು ಹಾಕದ ಬರೀ ಅಡಿಕೆಯನ್ನೂ. ಗುಟ್ಕಾ, ಪಾನ್ ಮಸಾಲ ಜಗಿಯುವ ಹುಡುಗರಲ್ಲಿ ಕೆನ್ನೆಯ ಅನುಲೇಪಕದ ಕೆಳಗಿನ ಸಂಯೋಜಕ ಪದರ ದಪ್ಪ ನಾರಾಗಿ ಗಟ್ಟಿಯಾಗುತ್ತದೆ. ಸ್ಲೈಡಿನಲ್ಲಿ ಅಲ್ಲೆಲ್ಲ ಬರೀ ಗುಲಾಬಿ, ಕೋಶಗಳೂ ಕಡಿಮೆ, ರಕ್ತನಾಳವೂ ಕಡಿಮೆ. ಮೇಲಿನ ಪದರ ತೆಳುವಾಗಿರುತ್ತದೆ. ಹೊರಗಿನಿಂದ ಗೊತ್ತಾಗುವುದು ಇಷ್ಟೇ: ಖಾರ ತಡೆಯುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ. ಆ ನಾರು ಹಾಗೇ ಕರಗಿ ಹೋಗುವುದಿಲ್ಲ.

ಇಂಥ ಬಾಯಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ಅನುಲೇಪಕಕ್ಕೂ ಕೆಳಗಿನ ಪದರಕ್ಕೂ ನಡುವೆ ಒಂದು ತೆಳ್ಳನೆಯ ಗಡಿ ಇದೆ. ಮೇಲಿನ ಕೋಶಗಳು ಕೆಟ್ಟಿದ್ದರೂ ಆ ಗಡಿಯ ಮೇಲೇ ಇದ್ದರೆ ಒಂದು ರಿಪೋರ್ಟ್. ಗಡಿ ಒಡೆದು ಕೆಳಗಿಳಿದು, ರಕ್ತನಾಳ ಇರುವ ಕಡೆ ಬಂದಿದ್ದರೆ ರಿಪೋರ್ಟ್ ಬೇರೆ, ಚಿಕಿತ್ಸೆಯೂ ಬೇರೆ. ಅದಕ್ಕೇ ಡಾಕ್ಟರು ಬರೀ ಮೇಲ್ಮೈ ಕೆರೆಯದೆ, ಕೆಳಗಿನ ಪದರವೂ ಸೇರುವಂತೆ ಚೂರು ತೆಗೆಯುವುದು.

"ಕತ್ತಿ ತಾಗಿದರೆ ಹರಡುತ್ತೆ" ಅಂತ ಊರಲ್ಲಿ ಹೇಳುವುದನ್ನು ಕೇಳಿ ಬಯಾಪ್ಸಿ ಬೇಡ ಅನ್ನಬೇಡಿ. ಬಾಯಿ ಹುಣ್ಣಿನ ಚೂರು ತೆಗೆಸಿದ್ದಕ್ಕೆ ಕ್ಯಾನ್ಸರ್ ಹರಡುತ್ತದೆ ಅನ್ನುವುದು ತಪ್ಪು ಭಯ. ಹೆದರಿ ತಿಂಗಳುಗಟ್ಟಲೆ ತಳ್ಳಿದಾಗಲೇ ಅದು ಕೆಳಗಿಳಿಯುವುದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಕೆರೆದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ದಿನೇ ದಿನೇ ಕಡಿಮೆ ತೆರೆಯುವ ಬಾಯಿ, ಇದರಲ್ಲಿ ಯಾವುದಿದ್ದರೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ನೋವಿಲ್ಲದಿದ್ದರೂ ಹೋಗಿ, ಶುರುವಿನಲ್ಲಿ ಎಷ್ಟೋ ಸಲ ನೋವು ಇರುವುದೇ ಇಲ್ಲ.