ಕಾಲು ಸೆಂಟಿನ ಜಗಳ, ಸಿಡ್ನಿ ಹಿಲ್‌ಮನ್ ಮತ್ತು ಮುಷ್ಕರದ ಮಾರನೆಯ ದಿನ

1910ರ ಸೆಪ್ಟೆಂಬರ್ 22. ಶಿಕಾಗೋದಲ್ಲಿ ಗಂಡಸರ ಸೂಟು ತಯಾರಿಸುವ ಹಾರ್ಟ್ ಶಾಫ್ನರ್ ಅಂಡ್ ಮಾರ್ಕ್ಸ್ ಕಂಪನಿಯ 5ನೇ ನಂಬರ್ ಘಟಕ. ಅಲ್ಲಿ ಪ್ಯಾಂಟು ಹೊಲಿಯುತ್ತಿದ್ದ ಸುಮಾರು 16 ಹೆಂಗಸರು ಮಿಷನ್ ನಿಲ್ಲಿಸಿ ಎದ್ದು ಹೊರಟರು. 4 ಸೆಂಟ್ ಇದ್ದ ಪೀಸ್ ರೇಟು, ಅಂದರೆ ಹೊಲಿದ ಒಂದೊಂದಕ್ಕೆ ಕೊಡುವ ಕೂಲಿ, 3¾ ಸೆಂಟಿಗೆ ಇಳಿದಿತ್ತು. ಮುಂದೆ ನಿಂತವಳು ಹ್ಯಾನಾ ಶಪೀರೊ ಎಂಬ ಚಿಕ್ಕ ಹುಡುಗಿ, ಜೊತೆಗೆ ಗುಂಡಿ ಹೊಲಿಯುವ ಬೆಸ್ಸಿ ಅಬ್ರಾಮೊವಿಟ್ಸ್. ಮೊದಮೊದಲು ಬೇರೆ ಘಟಕಗಳ ಗಂಡಸರು ನಕ್ಕರಂತೆ. ಕೆಲವೇ ವಾರಗಳಲ್ಲಿ ಶಿಕಾಗೋದ ಸುಮಾರು 40,000 ಹೊಲಿಗೆ ಕೆಲಸಗಾರರು ಬೀದಿಗೆ ಬಂದಿದ್ದರು.

ಕಾಲು ಸೆಂಟು ಎಂದರೆ ಏನೂ ಅಲ್ಲ ಅನ್ನಿಸಬಹುದು. ಲೆಕ್ಕ ಹಾಕಿ: ನಾಲ್ಕರಲ್ಲಿ ಕಾಲು ಹೋದರೆ ಹದಿನಾರರಲ್ಲಿ ಒಂದು ಪಾಲು ಹೋದಂತೆ. ಹದಿನಾರು ದಿನ ದುಡಿದರೆ ಒಂದು ದಿನದ ಕೂಲಿ ಮಾಯ. ಪೀಸ್ ರೇಟಿನಲ್ಲಿ ಇನ್ನೊಂದು ಕಂಟಕವಿದೆ. ಸೀಸನ್ ಬದಲಾದಾಗ ಕೋಟಿನ ಕಾಲರೋ ಜೇಬಿನ ಆಕಾರವೋ ಸ್ವಲ್ಪ ಬದಲಾಗುತ್ತದೆ. ಹೊಸ ಕೆಲಸಕ್ಕೆ ಹೊಸ ರೇಟು ಬರೆಯುವವನು ಮೇಸ್ತ್ರಿ. ಅವನು ಬರೆದದ್ದೇ ಕೊನೆಯ ಮಾತು. ಕೇಳುವುದಕ್ಕೆ ಎಲ್ಲಿಗೆ ಹೋಗಬೇಕೆಂಬ ದಾರಿಯೇ ಇರಲಿಲ್ಲ. ದಾರಿ ಇಲ್ಲದಿದ್ದಾಗ ಉಳಿಯುವುದು ಎರಡೇ: ನುಂಗಿಕೊಂಡು ಕೂರುವುದು ಇಲ್ಲವೇ ಎದ್ದು ಹೋಗುವುದು.

ಮುಂದೆ ಅಮೆರಿಕದ ಹೊಲಿಗೆ ಕಾರ್ಮಿಕರ ನಾಯಕರಾದ ಸಿಡ್ನಿ ಹಿಲ್‌ಮನ್ ಆಗ ಅದೇ ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಕಲಿಯುತ್ತಿದ್ದ 23ರ ಹರೆಯದವರು. ಮುಷ್ಕರ ಶುರುಮಾಡಿದವರು ಅವರಲ್ಲ. ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಮುಷ್ಕರ ಮುಗಿದ ಮಾರನೆಯ ದಿನ ಏನು ಮಾಡಬೇಕು ಎಂಬ ಯೋಚನೆ. ಕಾರ್ಮಿಕ ನಾಯಕರ ಬಗ್ಗೆ ಬರೆಯುವಾಗ ನಾವು ಭಾಷಣ, ಮೆರವಣಿಗೆ, ಲಾಠಿ ಏಟುಗಳಲ್ಲೇ ನಿಂತುಬಿಡುತ್ತೇವೆ. ಹಿಲ್‌ಮನ್ ಅವರ ವಿಷಯದಲ್ಲಿ ಹಾಗೆ ಮಾಡಿದರೆ ಅವರ ನಿಜವಾದ ಕೆಲಸವೇ ಕಾಣುವುದಿಲ್ಲ.

ಅವರು ಹುಟ್ಟಿದ್ದು 1887ರ ಮಾರ್ಚ್ 23ರಂದು, ಆಗ ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದ ಲಿಥುವೇನಿಯಾದ ಜಾಗರೆ ಎಂಬ ಊರಿನಲ್ಲಿ. ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ಮನೆತನ, ಆದರೆ ತಂದೆಯದು ಸಣ್ಣ ವ್ಯಾಪಾರ. ಮಗ ರಬ್ಬಿಯಾಗಲಿ ಎಂದು ಕೌನಾಸ್ ಹತ್ತಿರದ ಸ್ಲೊಬೊಡ್ಕಾದ ಯೆಶಿವಾಕ್ಕೆ, ಅಂದರೆ ಯಹೂದಿ ಧರ್ಮಶಾಸ್ತ್ರದ ಪಾಠಶಾಲೆಗೆ ಕಳಿಸಿದರು. ಹುಡುಗ ಯಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ಓದುತ್ತಲೇ ಹೊರಗಿನ ಪುಸ್ತಕಗಳಿಗೆ ಮನಸೋತ. ಶಾಲೆ ಬಿಟ್ಟು ಯಹೂದಿ ಕಾರ್ಮಿಕರ ಗುಪ್ತ ಪಕ್ಷವಾದ ಬುಂಡ್ ಸೇರಿದ. 1904ರಲ್ಲಿ ಮೇ ದಿನದ ಮೆರವಣಿಗೆಯ ಮುಂಚೂಣಿಯಲ್ಲಿ ನಡೆದು ಜೈಲು ಕಂಡ. 1905ರ ಕ್ರಾಂತಿ ಸೋತ ಮೇಲೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ನೆಂಟರ ಮನೆಗೆ, ಅಲ್ಲಿಂದ 1907ರಲ್ಲಿ ಅಮೆರಿಕಕ್ಕೆ. ತಾಲ್ಮುಡ್ ಅಭ್ಯಾಸದಲ್ಲಿ ಒಂದೇ ಮಾತನ್ನು ಎರಡೂ ಕಡೆಯಿಂದ ವಾದಿಸಿ ನೋಡಬೇಕು. ಆ ಪಳಗುವಿಕೆ ಮುಂದೆ ಸಂಧಾನದ ಮೇಜಿನಲ್ಲಿ ಅವರಿಗೆ ನೆರವಾಯಿತೆಂದೇ ನನ್ನ ನಂಬಿಕೆ.

ಶಿಕಾಗೋ ಮುಷ್ಕರ ನಾಲ್ಕು ತಿಂಗಳು ಎಳೆಯಿತು. ಹೆಸರಿಗೆ ಯುನೈಟೆಡ್ ಗಾರ್ಮೆಂಟ್ ವರ್ಕರ್ಸ್ ಎಂಬ ಯೂನಿಯನ್ ಇತ್ತು. ಅದರ ಅಧ್ಯಕ್ಷ ಥಾಮಸ್ ರಿಕರ್ಟ್ ಮಾಲೀಕರ ಜೊತೆ ಮಾಡಿಕೊಂಡು ಬಂದ ಒಪ್ಪಂದವನ್ನು ಮುಷ್ಕರನಿರತರೇ ತಿರಸ್ಕರಿಸಿದರು. ಕೊನೆಗೆ 1911ರ ಜನವರಿ 14ರಂದು ಹಾರ್ಟ್ ಶಾಫ್ನರ್ ಕಂಪನಿಯೊಂದು ಮಾತ್ರ ಮಧ್ಯಸ್ಥಿಕೆಗೆ ಒಪ್ಪಿತು. ಕಾರ್ಮಿಕರ ಪರವಾಗಿ ಹೆಸರಾಂತ ವಕೀಲ ಕ್ಲಾರೆನ್ಸ್ ಡಾರೋ, ಕಂಪನಿಯ ಪರವಾಗಿ ಕಾರ್ಲ್ ಮೇಯರ್. ಉಳಿದ ಕಂಪನಿಗಳ ಸಾವಿರಾರು ಜನ ಯಾವ ಒಪ್ಪಂದವೂ ಇಲ್ಲದೆ ಬರಿಗೈಯಲ್ಲಿ ಕೆಲಸಕ್ಕೆ ಮರಳಿದರು. ಈ ಸೋಲನ್ನು ಮರೆತು 'ಶಿಕಾಗೋ ಗೆಲುವು' ಎಂದಷ್ಟೇ ಹೇಳುವುದು ತಪ್ಪು.

ಒಪ್ಪಂದಕ್ಕೆ ಸಹಿ ಬಿದ್ದರೂ ಘಟಕಗಳಲ್ಲಿ ಜಗಳ ನಿಲ್ಲಲಿಲ್ಲ. ದಿನಕ್ಕೊಂದು ತಕರಾರು. ಇಬ್ಬರೇ ಪಂಚರಿದ್ದರೆ ಒಬ್ಬ ಅತ್ತ, ಒಬ್ಬ ಇತ್ತ. ಅದಕ್ಕೇ 1912ರಲ್ಲಿ ಟ್ರೇಡ್ ಬೋರ್ಡ್ ಹುಟ್ಟಿತು. ಒಟ್ಟು 11 ಜನ: ಕಂಪನಿಯಿಂದ 5, ಕೆಲಸಗಾರರಿಂದ 5, ಎಲ್ಲರೂ ಹೊಲಿಗೆ ಕಸುಬು ಬಲ್ಲವರೇ, ಹನ್ನೊಂದನೆಯವರಾಗಿ ಯಾವ ಪಕ್ಷಕ್ಕೂ ಸೇರದ ಅಧ್ಯಕ್ಷ ಜೇಮ್ಸ್ ಮುಲ್ಲನ್‌ಬಾಕ್. ಅದರ ಮೇಲೆ ಮೂವರ ಮಧ್ಯಸ್ಥಿಕೆ ಮಂಡಳಿ. ಅದರ ಅಧ್ಯಕ್ಷರು ಜಾನ್ ವಿಲಿಯಮ್ಸ್, ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದವರು.

ತಕರಾರು ಹೀಗೆ ಸಾಗುತ್ತಿತ್ತು. ಕೆಲಸಗಾರ್ತಿ ಮೊದಲು ತನ್ನ ಘಟಕದ ಪ್ರತಿನಿಧಿಗೆ ಹೇಳಬೇಕು. ಹೇಳಿ ಮಿಷನ್ ಬಿಟ್ಟು ಏಳುವಂತಿಲ್ಲ, ಕೆಲಸ ನಡೆಯುತ್ತಲೇ ಇರಬೇಕು. ಪ್ರತಿನಿಧಿ ಮತ್ತು ಮೇಸ್ತ್ರಿ ಮಾತಾಡಿ ಬಗೆಹರಿಯದಿದ್ದರೆ ಎರಡೂ ಕಡೆಯ ಡೆಪ್ಯುಟಿಗಳು ಜಾಗಕ್ಕೇ ಬಂದು ಕೆಲಸವನ್ನು ಕಣ್ಣಾರೆ ನೋಡುತ್ತಾರೆ. ಅಲ್ಲೂ ಆಗದಿದ್ದರೆ ಟ್ರೇಡ್ ಬೋರ್ಡು. ಅದರ ತೀರ್ಪು ಹಿಡಿಸದಿದ್ದರೆ ಮೇಲ್ಮನವಿ. ರೇಟು ಕಟ್ಟುವುದಕ್ಕೂ ಒಂದು ಸೂತ್ರ ಬಂತು: ಕೆಲಸ ಎಷ್ಟು ಬದಲಾಯಿತೋ ರೇಟೂ ಅಷ್ಟೇ ಬದಲಾಗಬೇಕು, ಹೊಸ ರೇಟಿಗೆ ಸಾಧ್ಯವಾದ ಕಡೆಯೆಲ್ಲ ಹಳೆಯ ರೇಟೇ ಆಧಾರವಾಗಬೇಕು. ಮೇಸ್ತ್ರಿಯ ಪೆನ್ಸಿಲ್ಲಿಗೆ ಬಿದ್ದ ಮೊದಲ ಕಡಿವಾಣ ಇದು. ಎರಡು ವರ್ಷ ಹಿಂದೆ ಈ ಒಂದು ಸಾಲು ಇದ್ದಿದ್ದರೆ 3¾ ಸೆಂಟಿನ ಚೀಟಿ ಯಾರ ಕೈಗೂ ಬರುತ್ತಿರಲಿಲ್ಲ.

ಕಂಪನಿಯ ಕಡೆಯಿಂದಲೂ ಒಂದು ಒಳ್ಳೆಯ ಕೆಲಸವಾಯಿತು. ಅರ್ಥಶಾಸ್ತ್ರದ ಪ್ರಾಧ್ಯಾಪಕ ಅರ್ಲ್ ಡೀನ್ ಹೋವರ್ಡ್ ಅವರನ್ನು ಕಾರ್ಮಿಕ ವ್ಯವಹಾರಕ್ಕೆಂದೇ ನೇಮಿಸಿದರು. ಕಂಪನಿಯ ಪರ ಹೋವರ್ಡ್, ಕೆಲಸಗಾರರ ಪರ ಹಿಲ್‌ಮನ್ ಮೇಜಿನ ಎರಡು ಬದಿಗೆ ಕೂತು ಎಷ್ಟೋ ತಕರಾರುಗಳನ್ನು ಬೋರ್ಡಿಗೆ ಹೋಗುವ ಮೊದಲೇ ಮುಗಿಸಿದರು. 1913ರಲ್ಲಿ ಯೂನಿಯನ್ ಸದಸ್ಯರಿಗೆ ಆದ್ಯತೆ ಕೊಡುವ ಪದ್ಧತಿ ಬಂತು. ಹೊಸಬರು ಬೇಕಾದಾಗ ಕಂಪನಿ ಮೊದಲು ಯೂನಿಯನ್ನನ್ನು ಕೇಳಬೇಕು, ಅಲ್ಲಿ ಜನ ಸಿಗದಿದ್ದರೆ ಮಾತ್ರ ಹೊರಗಿನಿಂದ. ಸೀಸನ್ ಇಲ್ಲದ ತಿಂಗಳುಗಳಲ್ಲಿ ಕೆಲವರನ್ನು ಮನೆಗೆ ಕಳಿಸುವ ಬದಲು ಇರುವಷ್ಟು ಕೆಲಸವನ್ನು ಎಲ್ಲರಿಗೂ ಹಂಚುವುದು ಈ ಕಸುಬಿನ ಯೂನಿಯನ್ನಿನ ಹಟವಾಯಿತು.

ಎಲ್ಲಿ ಕೆಡುತ್ತಿತ್ತು? ಮೊದಲನೆಯದಾಗಿ, ಎದ್ದು ಹೋಗಿ ಅಭ್ಯಾಸವಾದವರಿಗೆ ಕಾಯುವುದು ಒಗ್ಗುತ್ತಿರಲಿಲ್ಲ. ತೀರ್ಪು ತಡವಾದಷ್ಟೂ ಮಿಷನ್‌ಗಳು ನಿಲ್ಲುತ್ತಿದ್ದವು. ಆಗ ಸ್ವಂತ ಜನರನ್ನೇ ಬೈದು ಕೂರಿಸಬೇಕಾದವರು ಹಿಲ್‌ಮನ್. ಎಡಪಂಥೀಯರು ಇದನ್ನು ಮಾಲೀಕರ ಜೊತೆಗಿನ ಹೊಂದಾಣಿಕೆ ಎಂದು ಜರೆದರು. ಎರಡನೆಯದು ಇನ್ನೂ ಗಟ್ಟಿ ಸಮಸ್ಯೆ: ಒಂದೇ ಕಂಪನಿ ನ್ಯಾಯವಾದ ರೇಟು ಕೊಟ್ಟರೆ, ಪಕ್ಕದ ಬೀದಿಯ ಗುತ್ತಿಗೆದಾರ ಕಡಿಮೆಗೆ ಹೊಲಿಸಿ ಮಾರುಕಟ್ಟೆ ಕಸಿದುಕೊಳ್ಳುತ್ತಾನೆ. ಪಂಚಾಯ್ತಿ ಉಳಿಯಬೇಕಾದರೆ ಇಡೀ ಕಸುಬೇ ಅದರೊಳಗೆ ಬರಬೇಕು. ಹಿಲ್‌ಮನ್ ಆಮೇಲೆ ಮಾಡಿದ ಎಲ್ಲದರ ಬೇರು ಇಲ್ಲಿದೆ, ರಾಜಕೀಯದ ಬೇರೂ ಇಲ್ಲೇ.

1914ರ ಅಕ್ಟೋಬರಿನಲ್ಲಿ ಹಳೆಯ ಯೂನಿಯನ್ನಿನ ಮಹಾಧಿವೇಶನ ನ್ಯಾಶ್‌ವಿಲ್‌ನಲ್ಲಿ ಸೇರಿತು, ಹೊಲಿಗೆಯವರು ಕಿಕ್ಕಿರಿದಿದ್ದ ದೊಡ್ಡ ನಗರಗಳಿಂದ ಬಲು ದೂರ. ರಿಕರ್ಟ್ ಅವರ ಬಲ ಇದ್ದದ್ದು ಓವರಾಲ್, ಅಂದರೆ ದುಡಿಮೆಯ ಉಡುಪು ಹೊಲಿಯುವ ಸಣ್ಣ ಊರುಗಳಲ್ಲಿ. ಆ ಬಟ್ಟೆಗೆ ಯೂನಿಯನ್ ಲೇಬಲ್ (ಯೂನಿಯನ್ ಸದಸ್ಯರು ಹೊಲಿದದ್ದೆಂಬ ಗುರುತು) ಅಂಟಿಸುವುದೇ ಅವರ ಸಂಘಟನೆಯ ಜೀವಾಳ. ನಗರದ ವಲಸಿಗ ಪ್ರತಿನಿಧಿಗಳಿಗೆ ಚಂದಾ ಬಾಕಿಯ ಲೆಕ್ಕ ತೋರಿಸಿ ಆಸನ ನಿರಾಕರಿಸಿದರು. ಅವರು ಹೊರನಡೆದು ಬೇರೆ ಕಡೆ ಸೇರಿ, ಅಲ್ಲಿ ಇಲ್ಲದ ಹಿಲ್‌ಮನ್ ಅವರನ್ನೇ ಅಧ್ಯಕ್ಷರೆಂದು ಆರಿಸಿ ತಂತಿ ಕಳಿಸಿದರು. ಒಪ್ಪಿಕೊಳ್ಳಿ ಎಂದು ಒತ್ತಾಯಿಸಿದವರಲ್ಲಿ ಬೆಸ್ಸಿ ಅಬ್ರಾಮೊವಿಟ್ಸ್ ಕೂಡ ಒಬ್ಬರು. ಡಿಸೆಂಬರಿನಲ್ಲಿ ಅಮಾಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಆಫ್ ಅಮೆರಿಕ ಎಂಬ ಈ ಹೊಸ ಸಂಘ ಅಧಿಕೃತವಾಗಿ ಶುರುವಾಯಿತು. 1916ರಲ್ಲಿ ಬೆಸ್ಸಿ ಮತ್ತು ಹಿಲ್‌ಮನ್ ಮದುವೆಯಾದರು. 1919ರಲ್ಲಿ ಸಂಘ ವಾರಕ್ಕೆ 44 ಗಂಟೆಯ ಕೆಲಸ ಗೆದ್ದಿತು. 1920ರ ಡಿಸೆಂಬರಿನಿಂದ ಆರು ತಿಂಗಳು ನ್ಯೂಯಾರ್ಕಿನ ಮಾಲೀಕರು ಬಾಗಿಲು ಮುಚ್ಚಿ ಯೂನಿಯನ್ ಮುರಿಯಲು ನೋಡಿದರು, ಮುರಿಯಲಾಗಲಿಲ್ಲ.

1920ರ ದಶಕದಲ್ಲಿ ಅವರ ಸಂಘ ಮಾಡಿದ್ದನ್ನು ಓದಿದರೆ ಇದು ಯೂನಿಯನ್ನೋ ಒಂದು ಸಣ್ಣ ಸರ್ಕಾರವೋ ಎನ್ನಿಸುತ್ತದೆ. 1922ರಲ್ಲಿ ಶಿಕಾಗೋದಲ್ಲಿ, 1923ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಮಿಕರದೇ ಬ್ಯಾಂಕು. ಅದೇ 1923ರಲ್ಲಿ ಶಿಕಾಗೋದ ಒಪ್ಪಂದದಲ್ಲಿ ನಿರುದ್ಯೋಗ ನಿಧಿ: ಸಂಬಳದ ಶೇ. 1.5 ಕೆಲಸಗಾರರಿಂದ, ಅಷ್ಟೇ ಮಾಲೀಕರಿಂದ. ಕೆಲಸವಿಲ್ಲದ ವಾರಗಳಿಗೆ ಸಂಬಳದ ಶೇ. 40, ಅದೂ 20 ಡಾಲರ್ ಮೀರದಂತೆ. ಸೀಸನ್ನಿನ ಏರಿಳಿತಕ್ಕೆ ಇದು ಸಾಕಿತ್ತು. 1930ರ ದಶಕದ ಮಹಾಕುಸಿತಕ್ಕೆ ಸಾಲಲಿಲ್ಲ. ವರ್ಷಗಟ್ಟಲೆ ಕೆಲಸವಿಲ್ಲದಾಗ ಒಂದು ಕಸುಬು ತನ್ನ ಜೇಬಿನಿಂದಲೇ ವಿಮೆ ಕೊಡಲಾರದು, ದೇಶವೇ ಕೊಡಬೇಕು ಎಂಬುದು ಅವರಿಗೆ ಲೆಕ್ಕದ ಪುಸ್ತಕದಲ್ಲೇ ಕಂಡಿತು.

ಬ್ರಾಂಕ್ಸಿನ ಸಹಕಾರಿ ಮನೆಗಳ ಲೆಕ್ಕವೂ ನೋಡುವಂಥದ್ದು. ನ್ಯೂಯಾರ್ಕ್ ರಾಜ್ಯ 1926ರಲ್ಲಿ, ಲಾಭಕ್ಕೆ ಮಿತಿ ಹಾಕಿಕೊಳ್ಳುವ ವಸತಿ ಕಂಪನಿಗಳಿಗೆ ತೆರಿಗೆ ವಿನಾಯಿತಿಯ ಕಾನೂನು ತಂದಿತು. ಅದನ್ನು ಹಿಡಿದು ಏಬ್ರಹಾಂ ಕಾಜನ್ ಅವರ ನೇತೃತ್ವದಲ್ಲಿ 1927ರಲ್ಲಿ 303 ಮನೆಗಳು ಎದ್ದವು. ಒಂದು ಕೋಣೆಗೆ 500 ಡಾಲರ್ ಮುಂಗಡ, ತಿಂಗಳಿಗೆ ಕೋಣೆಗೆ ಸರಾಸರಿ 11 ಡಾಲರ್. ಮೂರು ಕೋಣೆಯ ಮನೆಗೆ 1,500 ಡಾಲರ್ ಒಮ್ಮೆಗೇ ಹೊಂದಿಸುವುದು ಟೈಲರಿಗೆ ಕಷ್ಟ. ಆ ಕೊರತೆ ತುಂಬಲು ಸಂಘದ ಬ್ಯಾಂಕು ಸಾಲ ಕೊಟ್ಟಿತು. ಷೇರು ಎಷ್ಟೇ ಇರಲಿ, ಮತ ಒಂದೇ. ಆ ಸಹಕಾರಿ ಇಂದಿಗೂ ನಡೆಯುತ್ತಿದೆ.

ಕಪ್ಪು ಪುಟಗಳೂ ಇವೆ. ನ್ಯೂಯಾರ್ಕಿನ ಹೊಲಿಗೆ ಉದ್ಯಮದೊಳಗೆ ಲೆಪ್ಕೆ ಬುಕಾಲ್ಟರ್‌ನ ರೌಡಿ ಗ್ಯಾಂಗು ನುಗ್ಗಿತ್ತು. 1931ರಲ್ಲಿ ಹಿಲ್‌ಮನ್ ಬಟ್ಟೆ ಕತ್ತರಿಸುವವರ ಶಾಖೆಯಾದ ಲೋಕಲ್ 4ರಿಂದ ಭ್ರಷ್ಟ ಮುಖಂಡರನ್ನು ಹೊರಹಾಕಿದರು. ಆದರೆ ಗ್ಯಾಂಗಿನ ಜೊತೆ ಸಂಘದ ಒಡನಾಟ ಅಲ್ಲಿಗೇ ಪೂರ್ತಿ ಕಡಿದುಹೋಯಿತೇ ಎಂಬ ಶಂಕೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ರೂಸ್‌ವೆಲ್ಟ್ ಅಧ್ಯಕ್ಷರಾಗಿ ಬಂದ ಮೇಲೆ, ಶಿಕಾಗೋದಲ್ಲಿ ಕಂಡ ಎರಡನೆಯ ಸಮಸ್ಯೆಗೆ ಉತ್ತರ ವಾಷಿಂಗ್ಟನ್ನಿನಲ್ಲಿ ಸಿಕ್ಕಿತು. ಕನಿಷ್ಠ ಕೂಲಿ ಕಾನೂನಾಗಿಬಿಟ್ಟರೆ ಕಡಿಮೆಗೆ ಹೊಲಿಸುವ ಗುತ್ತಿಗೆದಾರನ ಆಟ ನಿಲ್ಲುತ್ತದೆ. 1938ರ ಕಾನೂನು ಗಂಟೆಗೆ 25 ಸೆಂಟು, ವಾರಕ್ಕೆ 44 ಗಂಟೆಯಿಂದ ಶುರುವಾಗಿ ಹಂತಹಂತವಾಗಿ 40 ಸೆಂಟು, 40 ಗಂಟೆಗೆ ಬರುವಂತೆ ಬರೆದದ್ದು. ಅದಕ್ಕಾಗಿ ಹಿಲ್‌ಮನ್ ಬಿಡದೆ ಓಡಾಡಿದರು. 1935ರಲ್ಲಿ ಗಣಿ ಕಾರ್ಮಿಕರ ನಾಯಕ ಜಾನ್ ಲೂಯಿಸ್ ಜೊತೆ ಯೂನಿಯನ್‌ಗಳ ಒಕ್ಕೂಟವಾದ ಸಿಐಒ ಕಟ್ಟಿದರು. 1936ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಲೇಬರ್ ಪಾರ್ಟಿ ಹುಟ್ಟುಹಾಕಿದವರಲ್ಲಿ ಒಬ್ಬರಾದರು. ಅದರ ಉಪಾಯ ಸರಳ: ಅಲ್ಲಿ ಒಬ್ಬನೇ ಅಭ್ಯರ್ಥಿಯ ಹೆಸರು ಎರಡು ಪಕ್ಷಗಳ ಸಾಲಿನಲ್ಲೂ ಬರಬಹುದು. ಡೆಮಾಕ್ರಟಿಕ್ ಪಕ್ಷದ ನಗರ ಯಜಮಾನರನ್ನು ಸಹಿಸದ ಯಹೂದಿ ಸಮಾಜವಾದಿಯೂ ಈ ಸಾಲಿನಲ್ಲಿ ರೂಸ್‌ವೆಲ್ಟ್‌ಗೆ ಮತ ಹಾಕಬಹುದು. ಸುಮಾರು 2,75,000 ಮತ ಹೀಗೆ ಬಂತು.

ಅಧಿಕಾರದ ಹತ್ತಿರ ಹೋದವರು ತೆರಬೇಕಾದ ಬೆಲೆಯನ್ನೂ ತೆತ್ತರು. 1941ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್ ಅಮೆರಿಕನ್ ವಿಮಾನ ಕಾರ್ಖಾನೆಯ ಮುಷ್ಕರ ಮುರಿಯಲು ರೂಸ್‌ವೆಲ್ಟ್ ಸೈನ್ಯ ಕಳಿಸಿದಾಗ ಹಿಲ್‌ಮನ್ ಒಪ್ಪಿಗೆ ಕೊಟ್ಟರು. ಮೇ ದಿನದ ಮೆರವಣಿಗೆಗೆ ಜೈಲು ಕಂಡ ಮನುಷ್ಯ ಬಂದೂಕಿನ ಮೊನೆಗೆ ಒಪ್ಪಿಗೆ ಕೊಟ್ಟದ್ದನ್ನು ಯುದ್ಧದ ಹೆಸರಿನಲ್ಲಿ ಪೂರ್ತಿ ಮನ್ನಿಸಲು ನನಗೆ ಮನಸ್ಸಾಗುವುದಿಲ್ಲ.

1943ರ ಸ್ಮಿತ್-ಕಾನಲಿ ಕಾನೂನು ಯೂನಿಯನ್‌ಗಳು ಚುನಾವಣೆಗೆ ಹಣ ಕೊಡುವುದನ್ನು ನಿಷೇಧಿಸಿತು. ಜುಲೈನಲ್ಲಿ ಹಿಲ್‌ಮನ್ ಸಿಐಒ-ಪ್ಯಾಕ್, ಅಂದರೆ ಸಿಐಒದ ರಾಜಕೀಯ ಕಾರ್ಯ ಸಮಿತಿ, ತೆರೆದರು. ಕಾನೂನಿನ ಸಂದುಗಳನ್ನು ಓದಿ ಮಾಡಿದ ಏರ್ಪಾಡು ಅದು: ಅಭ್ಯರ್ಥಿಗಳ ನಾಮನಿರ್ದೇಶನ ಆಗುವವರೆಗೆ ಯೂನಿಯನ್ ಹಣದಿಂದ ಪ್ರಚಾರ ಮತ್ತು ಮತದಾರರ ನೋಂದಣಿ, 1944ರ ಡೆಮಾಕ್ರಟಿಕ್ ಪಕ್ಷದ ಸಮ್ಮೇಳನದ ನಂತರ ಆ ಹಣಕ್ಕೆ ಬೀಗ ಹಾಕಿ, ಸದಸ್ಯರಿಂದ ತಲೆಗೆ ಒಂದು ಡಾಲರ್ ಸ್ವಇಚ್ಛೆಯ ದೇಣಿಗೆ. ಅದರಲ್ಲಿ ಅರ್ಧ ರಾಷ್ಟ್ರೀಯ ಕಚೇರಿಗೆ, ಅರ್ಧ ಸ್ಥಳೀಯ ಕೆಲಸಕ್ಕೆ. ದುಡ್ಡಿಗಿಂತ ನೋಂದಣಿಯೇ ಮುಖ್ಯವಾಗಿತ್ತು. ಯುದ್ಧದ ಕಾರ್ಖಾನೆಗಳಿಗೆಂದು ಊರು ಬಿಟ್ಟು ಬಂದ ಲಕ್ಷಾಂತರ ಜನರ ಹೆಸರು ಹೊಸ ಊರಿನ ಪಟ್ಟಿಯಲ್ಲಿ ಇರಲಿಲ್ಲ. ಪ್ಯಾಕ್ ಕಾರ್ಯಕರ್ತರು ಮನೆಮನೆಗೆ ಹೋಗಿ ಹೆಸರು ಸೇರಿಸಿದರು. ಇಂದು ಅಮೆರಿಕದಲ್ಲಿ ಕೋಟ್ಯಧೀಶರೂ ಬಳಸುವ ಪ್ಯಾಕ್ ಎಂಬ ಸಾಧನ ಹುಟ್ಟಿದ್ದು ಟೈಲರುಗಳ ಒಂದೊಂದು ಡಾಲರಿನಿಂದ.

1944ರಲ್ಲಿ ಶಿಕಾಗೋದ ಆ ಸಮ್ಮೇಳನದಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ರೂಸ್‌ವೆಲ್ಟ್ ಅವರ ಸಹಾಯಕ ಜೇಮ್ಸ್ ಬರ್ನ್ಸ್ ಅವರನ್ನು ಬೆಂಬಲಿಸಿ ಎಂದು ಕೇಳಲು ಸೆನೆಟರ್ ಟ್ರೂಮನ್ ಬೆಳಗಿನ ಉಪಾಹಾರಕ್ಕೆ ಹಿಲ್‌ಮನ್ ಬಳಿ ಬಂದರು. ಹಿಲ್‌ಮನ್ ಆಗುವುದಿಲ್ಲವೆಂದರು: ಮೊದಲ ಆಯ್ಕೆ ಆಗಿನ ಉಪಾಧ್ಯಕ್ಷ ವಾಲೇಸ್, ಅದಾಗದಿದ್ದರೆ ಮನಸ್ಸಿನಲ್ಲಿರುವ ಹೆಸರುಗಳಲ್ಲಿ ನಿಮ್ಮದೂ ಒಂದು. ಸಿಡ್ನಿಯ ಒಪ್ಪಿಗೆ ಪಡೆದು ಮುಂದುವರಿಯಿರಿ ಎಂದು ರೂಸ್‌ವೆಲ್ಟ್ ಹೇಳಿದರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಎದುರಾಳಿಗಳು ಅದನ್ನೇ ಘೋಷಣೆ ಮಾಡಿಕೊಂಡರು. ಲಿಥುವೇನಿಯಾದಲ್ಲಿ ಹುಟ್ಟಿದವನು, ಯಹೂದಿ, ದೇಶ ನಡೆಸುತ್ತಾನಂತೆ ಎಂಬ ವಿಷ ಆ ಪ್ರಚಾರದ ಉದ್ದಕ್ಕೂ ಇತ್ತು. ರೂಸ್‌ವೆಲ್ಟ್ ನಾಲ್ಕನೆಯ ಬಾರಿ ಗೆದ್ದರು.

ಹಿಲ್‌ಮನ್ ಅವರ ಹೃದಯ 1942ರಲ್ಲೇ ಸೋತಿತ್ತು. 1946ರ ಜುಲೈ 10ರಂದು ಲಾಂಗ್ ಐಲೆಂಡಿನಲ್ಲಿ ಮತ್ತೆ ಹೃದಯಾಘಾತವಾಗಿ ತೀರಿಕೊಂಡರು, 59 ವರ್ಷ. ಹೆಂಗಸರು ಅಷ್ಟೊಂದು ಸಂಖ್ಯೆಯಲ್ಲಿ ದುಡಿಯುತ್ತಿದ್ದ ಕಸುಬಿನ ಸಂಘವನ್ನು ಅಲ್ಲಿಯವರೆಗೆ ನಡೆಸಿದವರು ಬಹುಪಾಲು ಗಂಡಸರೇ. ಅದೇ ವರ್ಷ ಬೆಸ್ಸಿ ಉಪಾಧ್ಯಕ್ಷೆಯಾದರು. ಕಾಲು ಸೆಂಟಿಗಾಗಿ ಮಿಷನ್ ಬಿಟ್ಟು ಎದ್ದು 36 ವರ್ಷವಾಗಿತ್ತು.