ನಿಮ್ಮವರೇ ಅಧಿಕಾರದಲ್ಲಿರುವಾಗ ಕಿಮ್ಮೆಲ್ ಪರ ಏಕೆ ನಿಂತಿರಿ?

ನಾನು ಬಲಪಂಥೀಯ ವಿಚಾರದವನು. ಅಮೆರಿಕದ ನಮ್ಮ ಕನ್ನಡ ಕೂಟದಲ್ಲಿ ಇದು ಎಲ್ಲರಿಗೂ ಗೊತ್ತು. ಹಾಗಾಗಿಯೇ 2025ರ ಸೆಪ್ಟೆಂಬರ್‌ನಿಂದ ಹಬ್ಬದೂಟದ ಪಂಕ್ತಿಯಲ್ಲೂ ಊರಿನಿಂದ ಬರುವ ಕರೆಗಳಲ್ಲೂ ಒಂದೇ ಪ್ರಶ್ನೆ ಎದುರಾಗುತ್ತಿದೆ: ಟಿವಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಹಳಿದದ್ದು ನಿಮ್ಮವರನ್ನು, ಅವರ ಬಾಯಿ ಮುಚ್ಚಿಸಲು ಹೊರಟದ್ದೂ ನಿಮ್ಮವರೇ. ಅದನ್ನು ತಪ್ಪು ಎಂದಿರಲ್ಲ, ಏಕೆ?

ಸೆಪ್ಟೆಂಬರ್ 10ರಂದು ಯೂಟಾ ವ್ಯಾಲಿ ವಿಶ್ವವಿದ್ಯಾಲಯದ ಆವರಣದಲ್ಲಿ, ಸಭಿಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಬಲಪಂಥೀಯ ಯುವ ಮುಖಂಡ ಚಾರ್ಲಿ ಕರ್ಕ್ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಎದುರಾಳಿಯ ಕೈಗೆ ಮೈಕ್ ಕೊಟ್ಟು ವಾದಕ್ಕೆ ಕರೆಯುತ್ತಿದ್ದ ಅವರಿಗೆ ಕೇವಲ 31 ವರ್ಷ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಐದು ದಿನಗಳ ನಂತರ ಎಬಿಸಿ ವಾಹಿನಿಯ ತಡರಾತ್ರಿ ಕಾರ್ಯಕ್ರಮದಲ್ಲಿ ಕಿಮ್ಮೆಲ್, ಕೊಂದವನು ತಮ್ಮವನಲ್ಲ ಎಂದು ತೋರಿಸಲು ಟ್ರಂಪ್ ಬೆಂಬಲಿಗರು ಹೆಣಗುತ್ತಿದ್ದಾರೆ ಎಂಬರ್ಥದ ಮಾತನಾಡಿದರು. ಸಾವಿನ ಮನೆಯ ಮುಂದೆ ಆಡಬಾರದ ಮಾತು ಅದು. ಇಂದಿಗೂ ನನ್ನ ಅಭಿಪ್ರಾಯ ಅದೇ.

ಆದರೆ 17ರಂದು ಪ್ರಸಾರ ಪರವಾನಗಿಗಳನ್ನು ನೀಡುವ ಫೆಡರಲ್ ಆಯೋಗ ಎಫ್‌ಸಿಸಿಯ ಅಧ್ಯಕ್ಷ ಬ್ರೆಂಡನ್ ಕಾರ್, ಕಿಮ್ಮೆಲ್ ವಿಷಯವನ್ನು ಸುಲಭದ ದಾರಿಯಲ್ಲೂ ಮುಗಿಸಬಹುದು, ಕಷ್ಟದ ದಾರಿಯಲ್ಲೂ ಮುಗಿಸಬಹುದು ಎಂದು ಸಂದರ್ಶನವೊಂದರಲ್ಲಿ ಹೇಳಿದರು. ಈ ಮಾತು ಹೇಗೆ ನಾಟಿತು ಎಂಬುದನ್ನು ಗಮನಿಸಬೇಕು. ಎಫ್‌ಸಿಸಿ ಪರವಾನಗಿ ಕೊಡುವುದು ಎಬಿಸಿಯಂಥ ಜಾಲಕ್ಕಲ್ಲ, ಊರೂರಿನ ಪ್ರಸಾರ ಕೇಂದ್ರಗಳಿಗೆ. ಅಂಥ ಹಲವಾರು ಕೇಂದ್ರಗಳ ಒಡೆತನವಿರುವ ನೆಕ್ಸ್‌ಸ್ಟಾರ್ ಆಗ ಟೆಗ್ನಾ ಕಂಪನಿಯನ್ನು 620 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟಿತ್ತು, ಅದಕ್ಕೆ ಅದೇ ಆಯೋಗದ ಒಪ್ಪಿಗೆ ಬೇಕಿತ್ತು. ಅಂದೇ ನೆಕ್ಸ್‌ಸ್ಟಾರ್ ಕಾರ್ಯಕ್ರಮವನ್ನು ಕೈಬಿಟ್ಟಿತು, ಎಬಿಸಿಯೂ ಅದನ್ನು ನಿಲ್ಲಿಸಿತು. ಆದೇಶವಿಲ್ಲ, ನೋಟಿಸ್ ಇಲ್ಲ, ನ್ಯಾಯಾಲಯದಲ್ಲಿ ಪ್ರಶ್ನಿಸಲು ಒಂದು ತುಂಡು ಕಾಗದವೂ ಇಲ್ಲ.

ಈ ತಂತ್ರದ ಪರಿಚಯ ನನಗೆ ಚೆನ್ನಾಗಿಯೇ ಇದೆ, ಏಕೆಂದರೆ ಇದೇ ಏಟನ್ನು ನಾವು ತಿಂದಿದ್ದೇವೆ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಹತ್ಯೆಯಾದ ನಂತರ, ನ್ಯೂಯಾರ್ಕ್ ರಾಜ್ಯದ ವಿಮೆ ಮತ್ತು ಬ್ಯಾಂಕುಗಳ ಮೇಲಿನ ನಿಯಂತ್ರಣಾಧಿಕಾರಿ ಮರಿಯಾ ವುಲ್ಲೊ, ಬಂದೂಕು ಹಕ್ಕಿನ ಪರವಾದ ಎನ್‌ಆರ್‌ಎ ಸಂಸ್ಥೆಯೊಂದಿಗೆ ವ್ಯವಹಾರ ಬಿಡುವಂತೆ ವಿಮಾ ಕಂಪನಿಗಳ ಮೇಲೆ ಒತ್ತಡ ತಂದರು ಎಂಬ ಆರೋಪ ಬಂತು. ನೀವು ಅವರನ್ನು ಬಿಟ್ಟರೆ ನಿಮ್ಮ ಬೇರೆ ತಪ್ಪುಗಳನ್ನು ನಾನು ಕೆದಕುವುದಿಲ್ಲ ಎಂಬುದು ಆ ಒತ್ತಡದ ಸಾರ ಎಂದು ಎನ್‌ಆರ್‌ಎ ದೂರಿತು. ಅದರ ಪರ ಸುಪ್ರೀಂ ಕೋರ್ಟ್‌ನಲ್ಲಿ ವಾದಿಸಿದ್ದು ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಎಸಿಎಲ್‌ಯು, ಬಂದೂಕಿನ ವಿಷಯದಲ್ಲಿ ಎನ್‌ಆರ್‌ಎಯ ನಿಲುವನ್ನು ಒಪ್ಪದ ಸಂಸ್ಥೆ! 2024ರ ಮೇ 30ರಂದು ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಆರ್‌ಎ ಕಡೆಗೆ ತೀರ್ಪಿತ್ತರು. ತೀರ್ಪು ಬರೆದವರು ಉದಾರವಾದಿ ಎನಿಸಿಕೊಂಡ ಸೋನಿಯಾ ಸೊಟೊಮೇಯರ್. ಅಧಿಕಾರಿ ತನಗೆ ಹಿಡಿಸದ ಮಾತನ್ನು ಟೀಕಿಸಬಹುದು, ಆದರೆ ಖಾಸಗಿಯವರನ್ನು ಹೆದರಿಸಿ ಅವರ ಕೈಯಿಂದ ಆ ಮಾತನ್ನು ಹತ್ತಿಕ್ಕಿಸುವಂತಿಲ್ಲ ಎಂಬುದು ಅದರ ತಿರುಳು.

ಅದೇ ವರ್ಷ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನ ಮುಖ್ಯಸ್ಥ ಮಾರ್ಕ್ ಝುಕರ್‌ಬರ್ಗ್ ಅವರ ಪತ್ರವೂ ಹೊರಬಂತು. 2021ರಲ್ಲಿ ಕೋವಿಡ್ ಕುರಿತ ಬರಹಗಳನ್ನು, ಹಾಸ್ಯವನ್ನೂ ಸೇರಿಸಿ, ತೆಗೆದುಹಾಕುವಂತೆ ಬೈಡನ್ ಆಡಳಿತದ ಹಿರಿಯರು ತಿಂಗಳುಗಟ್ಟಲೆ ಒತ್ತಡ ಹೇರಿದರು ಎಂದು ಅವರು ಒಪ್ಪಿಕೊಂಡಿದ್ದರು. ಅಂದು ನಾವೆಲ್ಲ ಕೂಗಿದೆವು, ಕೂಗಬೇಕಾಗಿಯೇ ಇತ್ತು. ಅಂದು ಅನ್ಯಾಯ ಎಂದವನು ಇಂದು ಕಾರ್ ಅವರ ಮಾತಿಗೆ ಚಪ್ಪಾಳೆ ತಟ್ಟಿದರೆ ಅಂದಿನ ನನ್ನ ಕೂಗಿಗೆ ಬೆಲೆ ಎಲ್ಲಿಯದು? ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಝ್ ಕೂಡ ಆ ಮಾತನ್ನು ಮಾಫಿಯಾದವರ ಬೆದರಿಕೆಗೆ ಹೋಲಿಸಿದರು. ಡೆಮಾಕ್ರಟರು ಅಧಿಕಾರಕ್ಕೆ ಮರಳಿದಾಗ ಇದೇ ಅಸ್ತ್ರ ನಮ್ಮ ಮೇಲೆ ತಿರುಗುತ್ತದೆ ಎಂದೂ ಎಚ್ಚರಿಸಿದರು.

ಊರಿನವರು ಕೇಳಿದಾಗ ನಾನು ನಮ್ಮದೇ ಇತಿಹಾಸ ನೆನಪಿಸುತ್ತೇನೆ. ಎರಡೂ ದೇಶಗಳ ಸಂವಿಧಾನಕ್ಕೆ ಒಂದೊಂದು ‘ಮೊದಲ ತಿದ್ದುಪಡಿ’ ಇದೆ. 1791ರ ಅಮೆರಿಕದ ತಿದ್ದುಪಡಿ ಕಟ್ಟಿದ್ದು ಸರ್ಕಾರದ ಕೈಯನ್ನು. 1950ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎಡಪಂಥೀಯ ‘ಕ್ರಾಸ್ ರೋಡ್ಸ್’ ಪತ್ರಿಕೆಯನ್ನೂ ಆರ್‌ಎಸ್‌ಎಸ್ ವಿಚಾರಧಾರೆಯ ‘ಆರ್ಗನೈಸರ್’ ಪತ್ರಿಕೆಯನ್ನೂ ಒಂದೇ ದಿನ ಸರ್ಕಾರದ ನಿರ್ಬಂಧದಿಂದ ಬಿಡಿಸಿತ್ತು. ಮರುವರ್ಷವೇ ನೆಹರೂ ಸರ್ಕಾರ, ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಅವಕಾಶ ಕೊಡುವ 19(2)ನೇ ವಿಧಿಯನ್ನು ಹಿಗ್ಗಿಸಿತು, ನಮ್ಮ ಮೊದಲ ತಿದ್ದುಪಡಿ ಕಟ್ಟಿದ್ದು ಜನರ ನಾಲಿಗೆಯನ್ನು. ಸಂಸತ್ತಿನಲ್ಲಿ ಅದನ್ನು ವಿರೋಧಿಸಿದ ಶ್ಯಾಮಪ್ರಸಾದ್ ಮುಖರ್ಜಿ ಅವರನ್ನು ಮೆಚ್ಚುವವರೇ ನನಗೆ ಈ ಪ್ರಶ್ನೆ ಕೇಳುವಾಗ ಮನಸ್ಸಿಗೆ ನೋವಾಗುತ್ತದೆ.

ಹಾಗಾದರೆ ಪಕ್ಷಪಾತಿ ಮಾಧ್ಯಮಗಳನ್ನು ಸುಮ್ಮನೆ ಸಹಿಸಬೇಕೇ? ಖಂಡಿತ ಇಲ್ಲ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಿಂಪಡೆದಾಗ ನಾನು ಬೆಂಬಲಿಸಿದೆ. ಅದು ಬಹಿರಂಗ ಮತದಾನದಲ್ಲಿ ಆದ ಕೆಲಸ, ತೆರಿಗೆ ಹಣದ ಲೆಕ್ಕ. ಸಾರ್ವಜನಿಕ ರೇಡಿಯೊ ಜಾಲ ಎನ್‌ಪಿಆರ್ ತನ್ನ ಕೇಳುಗರ ದೇಣಿಗೆಯಿಂದ ಏನನ್ನು ಬೇಕಾದರೂ ಪ್ರಸಾರ ಮಾಡಲಿ.

ಸೆಪ್ಟೆಂಬರ್ 23ರಂದು ಕಿಮ್ಮೆಲ್ ಮತ್ತೆ ಪರದೆಗೆ ಬಂದರು. ಅಂದು ನಮ್ಮ ಮನೆಯಲ್ಲಿ ಆ ವಾಹಿನಿ ಹಾಕಲಿಲ್ಲ. ಕರ್ಕ್ ಅವರ ಹಳೆಯ ಸಂವಾದವೊಂದನ್ನು ಮಗಳೊಂದಿಗೆ ಕುಳಿತು ನೋಡಿದೆ. ಅವರ ಅರ್ಧದಷ್ಟು ಮಾತು ಅವಳಿಗೆ ಒಪ್ಪಿಗೆಯಾಗಲಿಲ್ಲ. ಮಧ್ಯರಾತ್ರಿಯವರೆಗೂ ನಾವಿಬ್ಬರು ಅದನ್ನೇ ಚರ್ಚಿಸುತ್ತ ಕುಳಿತಿದ್ದೆವು.