ರೆಕಾರ್ಡರ್ ಲಾಗ್: ಅಂತೂ ಹಾರ್ಡ್ ಡಿಸ್ಕ್ ನಿರಪರಾಧಿ

ಸಿಕ್ಕಿಬಿತ್ತು ಕೊನೆಗೂ. ಹೋದ ಸಲ ಲಾಗ್ ಹಾಕಿದಾಗ ಈ ಎರಡು ಟ್ಯೂನರ್ ಸ್ಯಾಟಲೈಟ್ ರೆಕಾರ್ಡರಿಗೆ (ಡಿಶ್ಶಿಂದ ಬರೋ ಎರಡು ಚಾನೆಲ್ ಒಟ್ಟಿಗೇ ಹಿಡಿದು ಡಿಸ್ಕಿಗೆ ಬರೆಯೋ ಟಿವಿ ಪೆಟ್ಟಿಗೆ) ಹೊಸ ಡಿಸ್ಕ್ ಕೂರಿಸಿ, ಫಾರ್ಮ್ಯಾಟ್ ಮಾಡಿ, ಗೊರಗೊರ ಅನ್ನೋ ಫ್ಯಾನ್ ಬದಲಾಯಿಸಿದ್ದಾಗಿತ್ತು, ಅದೆಲ್ಲ ನಿಮಗೆ ಗೊತ್ತಿರೋದೇ, ಮತ್ತೆ ಬರೆಯಲ್ಲ. ಉಳಿದಿದ್ದು ಒಂದೇ ಕಾಟ. ರಾತ್ರಿ ರೆಕಾರ್ಡ್ ಆಗಿದ್ದನ್ನ ಬೆಳಿಗ್ಗೆ ಹಾಕಿಕೊಂಡು ಕೂತ್ರೆ ನಡುನಡುವೆ ಚಿತ್ರ ಚೌಕ ಚೌಕವಾಗಿ ಒಡೆದುಹೋಗೋದು, ಸೌಂಡ್ ಒಂದು ಸಲ ಕಿರ್ ಅನ್ನೋದು, ಒಂದೆರಡು ಸೆಕೆಂಡಲ್ಲಿ ಏನೂ ಆಗೇ ಇಲ್ಲ ಅನ್ನೋ ಥರ ಮತ್ತೆ ಎಲ್ಲಾ ಸರಿ. ಅದೇ ಚಾನೆಲ್ ಹಗಲಲ್ಲಿ ಲೈವ್ ನೋಡಿದ್ರೆ ಗಂಟೆಗಟ್ಲೆ ಒಂದು ಚುಕ್ಕೆ ಕೂಡ ಕೆಡಲ್ಲ. ಯಾರನ್ನ ಕೇಳಿದ್ರೂ ಒಂದೇ ಉತ್ತರ: ಡಿಸ್ಕ್ ಹೋಗಿದೆ, ಬದಲಾಯಿಸಿ. ಅಯ್ಯೋ ಈಗ ತಾನೇ ಬದಲಾಯಿಸಿದ್ದಲ್ವಾ ಅಂದ್ರೆ, ಹಾಗಾದ್ರೆ ಹೊಸದೂ ಹೋಗಿದೆ ಬಿಡಿ ಅಂತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಡಿಸ್ಕ್ ಮೇಲೆ ಅನುಮಾನ ಬರೋಕೆ ಕಾರಣ ಇಲ್ಲ ಅಂತಲ್ಲ. ಒಂದು ಎಚ್‌ಡಿ ಚಾನೆಲ್ ಅಂದ್ರೆ ಸೆಕೆಂಡಿಗೆ ಹೆಚ್ಚುಕಮ್ಮಿ 8ರಿಂದ 10 ಮೆಗಾಬಿಟ್, ಅಂದ್ರೆ ಸುಮಾರು ಒಂದು ಮೆಗಾಬೈಟ್. ಎರಡು ರೆಕಾರ್ಡಿಂಗ್, ಮೇಲೊಂದು ಪ್ಲೇಬ್ಯಾಕ್ ಸೇರಿಸಿದ್ರೂ ನಾಲ್ಕು ಮೆಗಾಬೈಟ್ ದಾಟಲ್ಲ, ಇವತ್ತಿನ ಡಿಸ್ಕಿಗೆ ಇದು ಲೆಕ್ಕಕ್ಕೇ ಇಲ್ಲ. ಆದ್ರೆ ಎಸ್‌ಎಂಆರ್ ಡಿಸ್ಕ್ ಆಗಿದ್ರೆ ಒಂದರ ಮೇಲೊಂದು ಒರಗಿರೋ ಟ್ರ್ಯಾಕುಗಳನ್ನ ತಿರುಗಿ ಬರೆಯೋಕೆ ಕೂತು ಮಧ್ಯೆ ಮಧ್ಯೆ ಉಸಿರು ಕಟ್ಟಿಕೊಳ್ಳುತ್ತೆ, ಅಷ್ಟರಲ್ಲಿ ರೆಕಾರ್ಡರಿನ ಪುಟ್ಟ ಬಫರ್ ತುಂಬಿಹೋದ್ರೆ ಡೇಟಾ ಮಂಗಮಾಯ. ನಂದು ಸಿಎಂಆರ್, ಅಂದ್ರೆ ಟ್ರ್ಯಾಕುಗಳು ಒರಗದೆ ಪಕ್ಕಪಕ್ಕ ಇರೋ ಥರದ್ದು, ಮಾಡೆಲ್ ನಂಬರ್ ಹಿಡಿದು ಡೇಟಾಶೀಟ್ ನೋಡೇ ತಗೊಂಡಿದ್ದು. ಸ್ಮಾರ್ಟ್ ರಿಪೋರ್ಟಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕ) ಕೆಟ್ಟು ಬದಲಾದ ಸೆಕ್ಟರ್ ಎಣಿಸೋ 5ನೇ ಸಾಲು ಸೊನ್ನೆ, ಅನುಮಾನದ ಸೆಕ್ಟರ್ ಎಣಿಸೋ 197 ಸೊನ್ನೆ, ಕೇಬಲ್ ಕೆಟ್ಟಿದ್ರೆ ಏರಬೇಕಾದ 199 ಕೂಡ ಸೊನ್ನೆ.

ಇಷ್ಟಾದ ಮೇಲೂ ವಾದ ಮಾಡೋದಕ್ಕಿಂತ ರೆಕಾರ್ಡಿಂಗ್ ಫೈಲನ್ನೇ ಬಿಚ್ಚಿ ನೋಡೋದು ವಾಸಿ ಅನ್ನಿಸ್ತು. ಬಹಳ ಜನ ಓನರ್‌ಗಳು ಮರೆಯೋ ವಿಷಯ ಏನಂದ್ರೆ ಈ ಪೆಟ್ಟಿಗೆಗಳು ವಿಡಿಯೋನ ಎನ್‌ಕೋಡ್ ಮಾಡೋದೇ ಇಲ್ಲ. 1999ರಲ್ಲಿ ಬಂದ ಮೊದಲ ಟಿವೋ ರೆಕಾರ್ಡರ್ ಅನಲಾಗ್ ಸಿಗ್ನಲ್ ತಗೊಂಡು ಒಳಗೇ ಎಂಪೆಗ್-2 ಮಾಡ್ತಿತ್ತು, ಅದರಲ್ಲಿ ಬೆಸ್ಟ್, ಬೇಸಿಕ್ ಅಂತ ರೆಕಾರ್ಡಿಂಗ್ ಕ್ವಾಲಿಟಿ ಆರಿಸೋದಕ್ಕೆ ಅರ್ಥ ಇತ್ತು. ಈಗಿನ ಡಿಜಿಟಲ್ ರೆಕಾರ್ಡರ್ ಆಕಾಶದಿಂದ ಬಂದ ಟ್ರಾನ್ಸ್‌ಪೋರ್ಟ್ ಸ್ಟ್ರೀಮಲ್ಲಿ (ಹಲವು ಚಾನೆಲ್ಲಿನ ಪ್ಯಾಕೆಟ್ ಒಟ್ಟಿಗೇ ಹರಿಯೋ ಧಾರೆ) ಬೇಡದ ಪಿಐಡಿಗಳನ್ನ (ಪ್ಯಾಕೆಟ್ ಯಾವ ವಿಡಿಯೋ, ಯಾವ ಆಡಿಯೋದ್ದು ಅಂತ ಹೇಳೋ ನಂಬರ್) ಕಿತ್ತು ಹಾಕಿ ಉಳಿದಿದ್ದನ್ನ ಇದ್ದ ಹಾಗೇ ಡಿಸ್ಕಿಗೆ ಸುರಿಯುತ್ತೆ, ಅಷ್ಟೇ. 188 ಬೈಟಿನ ಪ್ಯಾಕೆಟ್, ಪ್ರತಿಯೊಂದರ ತಲೆಯಲ್ಲಿ ಹೆಕ್ಸ್ 47, ಆಮೇಲೆ 13 ಬಿಟ್ ಪಿಐಡಿ, 0ಯಿಂದ 15ರವರೆಗೆ ಸುತ್ತೋ ಕಂಟಿನ್ಯೂಟಿ ಕೌಂಟರ್ (ಮಧ್ಯೆ ಪ್ಯಾಕೆಟ್ ಕಳೆದ್ರೆ ಇದರ ಎಣಿಕೆ ಹಾರುತ್ತೆ), ಮತ್ತೆ ನಾನು ಹುಡುಕ್ತಿದ್ದ ಅಸಲಿ ಸಾಕ್ಷಿ, ಆ ಹೆಕ್ಸ್ 47ರ ಪಕ್ಕದಲ್ಲೇ ಇರೋ ಒಂದೇ ಒಂದು ಬಿಟ್: ಟ್ರಾನ್ಸ್‌ಪೋರ್ಟ್ ಎರರ್ ಇಂಡಿಕೇಟರ್.

ಡಿಸ್ಕ್ ಅಥವಾ ಬಫರ್ ಕಡೆ ತಪ್ಪಾಗಿದ್ರೆ ದೊಡ್ಡ ದೊಡ್ಡ ತುಂಡು ಒಟ್ಟಿಗೇ ಕಾಣೆಯಾಗಿರುತ್ತೆ, ವಿಡಿಯೋ ಆಡಿಯೋ ಎಲ್ಲಾ ಪಿಐಡಿಯ ಕೌಂಟರೂ ಒಂದೇ ಜಾಗದಲ್ಲಿ ಹಾರಿರುತ್ತೆ, ಉಳಿದ ಪ್ಯಾಕೆಟ್ ಮಾತ್ರ ಶುದ್ಧ. ರಿಸೆಪ್ಷನ್ ಕಡೆ ತಪ್ಪಾಗಿದ್ರೆ ಪ್ಯಾಕೆಟ್ ಬಂದಿರುತ್ತೆ, ಆದ್ರೆ ಕೊಳೆತು ಬಂದಿರುತ್ತೆ. ಸ್ಯಾಟಲೈಟ್ ಟಿವಿಯ ಹಳೇ ಸ್ಟ್ಯಾಂಡರ್ಡ್ ಆದ ಡಿವಿಬಿ-ಎಸ್‌ನಲ್ಲಿ 188 ಬೈಟಿಗೆ 16 ಬೈಟ್ ರೀಡ್-ಸಾಲೊಮನ್ ಅನ್ನೋ ತಪ್ಪು ತಿದ್ದೋ ಕೋಡ್ ಸೇರಿಸಿ 204 ಮಾಡಿ ಕಳಿಸ್ತಾರೆ, ಒಂದು ಪ್ಯಾಕೆಟಲ್ಲಿ 8 ಬೈಟ್‌ವರೆಗೆ ಕೆಟ್ಟಿದ್ರೂ ಡಿಮಾಡ್ಯುಲೇಟರ್ (ಸಿಗ್ನಲಿಂದ ಡೇಟಾ ಬಿಡಿಸೋ ಭಾಗ) ಸರಿ ಮಾಡುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಕೈ ಚೆಲ್ಲಿ ಆ ಎರರ್ ಬಿಟ್ ಎತ್ತಿ ಮುಂದೆ ತಳ್ಳುತ್ತೆ. (ಹೊಸ ಸ್ಟ್ಯಾಂಡರ್ಡ್ ಡಿವಿಬಿ-ಎಸ್2 ಆದ್ರೆ ಎಲ್‌ಡಿಪಿಸಿ ಮತ್ತೆ ಬಿಸಿಎಚ್ ಅನ್ನೋ ತಿದ್ದೋ ಕೋಡ್, ಲೆಕ್ಕ ಬೇರೆ, ಫಲ ಅದೇ.) ಕೆಲವು ಪೆಟ್ಟಿಗೆಗಳು ಇಂಥ ಪ್ಯಾಕೆಟನ್ನ ಪ್ಯಾಕೆಟ್ ಬೇರ್ಪಡಿಸೋ ಡಿಮಕ್ಸರಲ್ಲೇ ಬಿಸಾಕಿಬಿಡ್ತವೆ, ಆಗ ಸಾಕ್ಷಿನೂ ಹೋಯ್ತು. ನಂದು ಪುಣ್ಯಕ್ಕೆ ಕಸಾನೂ ಜೋಪಾನವಾಗಿ ಬರೆದಿಟ್ಟಿತ್ತು. ಟಿಎಸ್‌ಡಕ್ (ಇಂಥ ಸ್ಟ್ರೀಮ್ ಫೈಲ್ ಪರೀಕ್ಷಿಸೋ ಸಾಫ್ಟ್‌ವೇರ್) ಓಡಿಸಿ ನೋಡಿದ್ರೆ, ಚಿತ್ರ ಒಡೆದ ಪ್ರತಿ ಜಾಗದಲ್ಲೂ ಎರರ್ ಬಿಟ್ ಎದ್ದು ನಿಂತಿದೆ! ಕೆಟ್ಟ ಪ್ಯಾಕೆಟ್ ಕೆಟ್ಟೇ ಬಂದಿದೆ, ಡಿಸ್ಕ್ ಪಾಪ ಅದನ್ನ ಒಂದು ಬಿಟ್ ಬಿಡದೆ ಕಾಪಿ ಮಾಡಿದೆ.

ಹಾಗಾದ್ರೆ ಡಿಶ್ಶಾ? ಎರಡು ಕೇಬಲ್ ಅದಲುಬದಲು ಮಾಡಿದೆ, ವ್ಯತ್ಯಾಸ ಇಲ್ಲ. ಅದೇ ಕೇಬಲಿಗೆ ಇನ್ನೊಂದು ರಿಸೀವರ್ ಹಾಕಿ ರಾತ್ರಿಯಿಡೀ ಬಿಟ್ಟೆ, ಒಂದು ಎರರ್ ಇಲ್ಲ. ಅಂದ್ರೆ ಕಳ್ಳ ಪೆಟ್ಟಿಗೆ ಒಳಗೇ ಇದ್ದಾನೆ.

ಫೈಲ್ ಬಿಚ್ಚಿ ಕೂತಾಗಲೇ ಮುಂದಿನ ಪ್ರಾಜೆಕ್ಟೂ ತಲೆಗೆ ಹತ್ತಿತು, ಬರೆಯದಿದ್ರೆ ಮರೆತುಹೋಗುತ್ತೆ ಅಂತ ಇಲ್ಲೇ ಹಾಕ್ತೀನಿ. ಕಿತ್ತಿಟ್ಟಿರೋ ಹಳೇ ಡಿಸ್ಕಲ್ಲಿ ರಾಶಿ ರೆಕಾರ್ಡಿಂಗ್ ಇದೆ, ಫೈಲ್ ಸಿಸ್ಟಮ್ ಯಾವ ಪುಣ್ಯಾತ್ಮ ಬರೆದಿದ್ದೋ, ಲಿನಕ್ಸ್ ಗುರುತೇ ಹಿಡಿಯಲ್ಲ. ಆದ್ರೆ ಈ ಪೆಟ್ಟಿಗೆ ಎನ್‌ಕ್ರಿಪ್ಟ್ ಮಾಡಲ್ಲ (ಮದರ್‌ಬೋರ್ಡಿಗೆ ಕೀಲಿ ಕಟ್ಟಿಹಾಕಿರೋ ಪೆಟ್ಟಿಗೆಗಳ ಓನರ್‌ಗಳು ಇಲ್ಲಿ ಒಂದು ನಿಟ್ಟುಸಿರು ಬಿಟ್ಟು ಮುಂದಿನ ಪ್ಯಾರಾಗೆ ಹೋಗಬಹುದು), ಆದ್ದರಿಂದ ಫೈಲ್ ಸಿಸ್ಟಮ್ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಡಿಸ್ಕಿನ ಇಮೇಜ್ (ಪೂರ್ತಿ ನಕಲು) ತೆಗೆದು 188 ಬೈಟಿಗೊಂದು ಹೆಕ್ಸ್ 47 ಎಲ್ಲೆಲ್ಲಿ ಸಾಲಾಗಿ ಸಿಗುತ್ತೋ ಅದೆಲ್ಲ ರೆಕಾರ್ಡಿಂಗೇ. ತಲೆನೋವು ಇರೋದು ಜೋಡಿಸೋದ್ರಲ್ಲಿ. ಒಂದೇ ಹೊತ್ತಲ್ಲಿ ಎರಡು ಚಾನೆಲ್ ಬರೆದಿದ್ರೆ ಎರಡರ ತುಂಡುಗಳೂ ಡಿಸ್ಕಲ್ಲಿ ಹೆಣೆದುಕೊಂಡಿರ್ತವೆ, ಪಿಐಡಿ ನೋಡಿ ಬೇರೆ ಮಾಡಿ, ಪಿಟಿಎಸ್ (ಯಾವ ಚಿತ್ರ ಯಾವ ಹೊತ್ತಿಗೆ ತೋರಿಸಬೇಕು ಅನ್ನೋ ಸಮಯದ ಗುರುತು) ನೋಡಿ ಸಾಲಿಗೆ ನಿಲ್ಲಿಸಬೇಕು, ಆದ್ರೆ ಪಿಟಿಎಸ್ 33 ಬಿಟ್, 90 ಕಿಲೋಹರ್ಟ್ಜ್ ಗಡಿಯಾರ, ಸುಮಾರು ಇಪ್ಪತ್ತಾರೂವರೆ ಗಂಟೆಗೆ ಒಂದು ಸುತ್ತು ಹಾಕಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತೆ, ಹೋದ ವಾರದ್ದೂ ಈ ವಾರದ್ದೂ ಒಂದೇ ನಂಬರ್ ಹಾಕಿಕೊಂಡು ಎದುರು ನಿಲ್ಲಬಹುದು. ಸ್ಕ್ರಿಪ್ಟ್ ಅರ್ಧ ಬರೆದಿದ್ದೀನಿ. ಇರಲಿ, ಕೆಪಾಸಿಟರ್ ಕಥೆಗೆ ಬರೋಣ. ಅಯ್ಯೋ, ಕಳ್ಳನ ಹೆಸರು ಹೇಳಿಬಿಟ್ನಲ್ಲ.

ಹಗಲು ಲೈವ್ ಚೆನ್ನಾಗಿದೆ, ರಾತ್ರಿ ರೆಕಾರ್ಡಿಂಗ್ ಕೆಡುತ್ತೆ. ಈ ರಾತ್ರಿ ಅನ್ನೋದೇ ಸುಳಿವು. ಪ್ರತಿ ಎರರಿನ ಹತ್ತಿರದ ಪಿಸಿಆರ್ (ಸ್ಟ್ರೀಮಿನೊಳಗಿನ ಗಡಿಯಾರದ ಎಣಿಕೆ) ತಗೊಂಡು, ಫೈಲಿನ ಮೊದಲ ಪಿಸಿಆರ್ ಕಳೆದು, ರೆಕಾರ್ಡಿಂಗ್ ಶುರುವಾದ ಹೊತ್ತಿಗೆ ಕೂಡಿಸಿ ಗಡಿಯಾರದ ಟೈಮ್ ಮಾಡಿದೆ. ಎರರ್‌ಗಳು ಎಲ್ಲೆಂದರಲ್ಲಿ ಚೆಲ್ಲಿಲ್ಲ, ಗುಂಪು ಗುಂಪಾಗಿವೆ, ಒಂದು ಗುಂಪಿನೊಳಗೆ ಹೆಚ್ಚುಕಮ್ಮಿ ಸಮ ಅಂತರದಲ್ಲಿವೆ. ಮಳೆ ಗಾಳಿ ಯಾವತ್ತಾದ್ರೂ ಟೈಮ್‌ಟೇಬಲ್ ಹಾಕಿಕೊಂಡು ಬರುತ್ತಾ? ಪೆಟ್ಟಿಗೆ ಒಳಗೆ ಟೈಮ್‌ಟೇಬಲ್ ಇಟ್ಟುಕೊಂಡು ಕೆಲಸ ಮಾಡೋದು ಯಾರು ಅಂತ ಯೋಚಿಸಿದ್ರೆ ಹೊಳೀತು, ಇಪಿಜಿ ಸ್ಕ್ಯಾನ್, ಅಂದ್ರೆ ಕಾರ್ಯಕ್ರಮಗಳ ಪಟ್ಟಿ ಒಟ್ಟು ಮಾಡೋ ಕೆಲಸ. ಖಾಲಿ ಕೂತ ಎರಡನೇ ಟ್ಯೂನರನ್ನ ರಾತ್ರಿ ಹೊತ್ತು ಟ್ರಾನ್ಸ್‌ಪಾಂಡರಿಂದ ಟ್ರಾನ್ಸ್‌ಪಾಂಡರಿಗೆ (ಸ್ಯಾಟಲೈಟಿನ ಒಂದೊಂದು ಪ್ರಸಾರ ಫ್ರೀಕ್ವೆನ್ಸಿ) ಓಡಿಸಿ ಕಾರ್ಯಕ್ರಮಗಳ ಹೆಸರು, ಹೊತ್ತು ಇರೋ ಇಐಟಿ ಟೇಬಲ್ ಗುಡ್ಡೆ ಹಾಕೋ ಕಾರ್ಯಕ್ರಮ. ಮೆನುವಲ್ಲಿ ಸ್ಕ್ಯಾನ್ ಆಫ್ ಮಾಡಿದೆ, ಆ ರಾತ್ರಿಯ ರೆಕಾರ್ಡಿಂಗ್ ಕನ್ನಡಿ ಥರ ಬಂತು.

ಹಗಲಲ್ಲೇ ಕಾಟ ಕೊಟ್ಟು ನೋಡೋಣ ಅಂತ ಒಂದನೇ ಟ್ಯೂನರಲ್ಲಿ ರೆಕಾರ್ಡಿಂಗ್ ಹಚ್ಚಿ, ಎರಡನೇದನ್ನ ಪಿಕ್ಚರ್-ಇನ್-ಪಿಕ್ಚರಲ್ಲಿ ಬೇಕಂತಲೇ ಕುಣಿಸಿದೆ. ಒಂದೇ ಪೋಲರೈಸೇಷನ್ (ಸಿಗ್ನಲಿನ ಅಲೆ ಅಡ್ಡಕ್ಕೋ ಉದ್ದಕ್ಕೋ ಅನ್ನೋದು) ಒಳಗೆ ಚಾನೆಲ್ ಬದಲಾಯಿಸಿದ್ರೆ ಏನೂ ಇಲ್ಲ. ಹಾರಿಜಾಂಟಲಿಂದ ವರ್ಟಿಕಲಿಗೆ ಬಂದ್ರೂ ಏನೂ ಇಲ್ಲ. ವರ್ಟಿಕಲಿಂದ ಹಾರಿಜಾಂಟಲಿಗೆ ಹೋದ ತಕ್ಷಣ, ಫಟ್, ಒಂದನೇ ಟ್ಯೂನರಿನ ರೆಕಾರ್ಡಿಂಗ್ ಚೂರುಚೂರು! ಕುರ್ಚಿಯಿಂದ ಎದ್ದು ನಿಂತೆ ಮಾರಾಯ್ರೇ. ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿಗೆ ಯಾವುದು ಬೇಕು ಅಂತ ಹೇಳೋಕೆ ಪೆಟ್ಟಿಗೆ ಕೇಬಲಲ್ಲಿ ಕಳಿಸೋದು ವರ್ಟಿಕಲಿಗೆ 13 ವೋಲ್ಟ್, ಹಾರಿಜಾಂಟಲಿಗೆ 18. ಅಂದ್ರೆ ಎಲ್‌ಎನ್‌ಬಿ ವೋಲ್ಟೇಜ್ ಮೇಲೇರೋವಾಗ ಮಾತ್ರ ಪಕ್ಕದ ಟ್ಯೂನರಿಗೆ ಪೆಟ್ಟು.

ಇದರಲ್ಲಿ 12 ವೋಲ್ಟ್ ಲೈನಿಂದಲೇ ಒಂದು ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸೋದು) 13, 18 ಮಾಡ್ಕೊಡುತ್ತೆ, ಅದೇ 12ರಿಂದ ಇನ್ನೊಂದು ಬಕ್ ಕನ್ವರ್ಟರ್ (ಇಳಿಸೋದು) ಟ್ಯೂನರ್‌ಗಳಿಗೆ 3.3 ಕೊಡುತ್ತೆ, ಡಿಸ್ಕಿನ ಮೋಟರಿಗೂ ಅದೇ 12. ಮಲ್ಟಿಮೀಟರ್ ಇಟ್ರೆ 12.1 ತೋರಿಸಿ ನನಗೇನೂ ಗೊತ್ತಿಲ್ಲ ಸಾರ್ ಅನ್ನುತ್ತೆ, ಅದು ತೋರಿಸೋದು ಸರಾಸರಿ ಮಾತ್ರ. ಆಸಿಲೋಸ್ಕೋಪನ್ನ ಎಸಿ ಕಪ್ಲಿಂಗಿಗೆ (ಏರಿಳಿತ ಮಾತ್ರ ತೋರಿಸೋ ಹಾಗೆ) ಹಾಕಿ ನೋಡಿದ್ರೆ ಅಲ್ಲಿ ದೊಂಬಿ ನಡೀತಿದೆ. ಮೊದಲೇ ದಪ್ಪ ರಿಪಲ್, 18ಕ್ಕೆ ಏರೋ ಕ್ಷಣದಲ್ಲಿ ದೊಡ್ಡದೊಂದು ಹಳ್ಳ, ಆ ಹಳ್ಳದ ನೆರಳು 3.3 ಲೈನಲ್ಲೂ ಕಾಣುತ್ತೆ. ಟ್ಯೂನರಿನ ಆಸಿಲೇಟರ್ ಅಲ್ಲಾಡಿದ್ರೆ ಡಿಮಾಡ್ಯುಲೇಟರಿಗೆ ಫೇಸ್ ಸಿಗಲ್ಲ, ಎರರ್ ಬಿಟ್ ಏಳುತ್ತೆ. ಸರಪಳಿ ಪೂರ್ತಿ ಸಿಕ್ತು.

12 ವೋಲ್ಟ್ ರೆಕ್ಟಿಫೈಯರ್ ಆದ ಮೇಲೆ ಏರಿಳಿತ ಸಮ ಮಾಡೋ ಕೆಪಾಸಿಟರ್ ನೋಡೋಕೆ ಸಾಧು ಪ್ರಾಣಿ. ತಲೆ ಉಬ್ಬಿಲ್ಲ, ಸೋರಿಲ್ಲ, ಹೊಳೀತಾ ಕೂತಿದೆ. ಇಎಸ್‌ಆರ್ ಮೀಟರ್ (ಕೆಪಾಸಿಟರಿನ ಒಳಗಿನ ಪ್ರತಿರೋಧ ಅಳೆಯೋದು) ಇಟ್ರೆ ಓಮ್‌ಗಟ್ಲೆ, ಇರಬೇಕಾದ್ದು ಮಿಲಿ ಓಮ್‌ಗಳಲ್ಲಿ. ಡಯೋಡಿನ ಹೀಟ್ ಸಿಂಕಿಗೆ ಅಂಟಿಸಿದ ಹಾಗೆ ಕೂರಿಸಿದ್ದಾರೆ, ಮೇಲೆ ಡಿಸ್ಕ್ ಟ್ರೇ, ಗಾಳಿಗೆ ದಾರಿ ಎಲ್ಲಿ. 105 ಡಿಗ್ರಿಯಲ್ಲಿ 2000 ಗಂಟೆ ಬಾಳೋ ಕೆಪಾಸಿಟರ್, 10 ಡಿಗ್ರಿ ಇಳಿದ ಹಾಗೆಲ್ಲ ಆಯುಸ್ಸು ಎರಡರಷ್ಟು ಅನ್ನೋ ರೂಢಿಯ ಲೆಕ್ಕ ಹಾಕಿದ್ರೆ 65 ಡಿಗ್ರಿಗೆ 32000 ಗಂಟೆ. ತುಂಬಾ ಆಯ್ತಲ್ಲ ಅನ್ನಿಸುತ್ತೆ, ಆದ್ರೆ ಸ್ಟ್ಯಾಂಡ್‌ಬೈನಲ್ಲೂ ಸಪ್ಲೈ ಬಿಸಿಯಾಗೇ ಇರೋ ಈ ಪೆಟ್ಟಿಗೆಗೆ ಅದು ಮೂರೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಡಿಸೈನ್ ಮಾಡಿದೋರಿಗೆ ಇದು ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ.

ಸರಿ, ಒಂದು ಕೆಪಾಸಿಟರ್ ತಾನೇ, ತರಿಸಿದ್ರಾಯ್ತು. ಇಲ್ಲಿಂದ ಶುರು ಸಪ್ಲೈಯರ್ ಪುರಾಣ. 1000 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿ, ಲೋ ಇಎಸ್‌ಆರ್ ಅಂತ ಬಿಡಿಸಿ ಬಿಡಿಸಿ ಆರ್ಡರ್ ಹಾಕಿದೆ. ಬಂದಿದ್ದನ್ನ ಬೆಸುಗೆ ಹಾಕೋ ಮುಂಚೆ ಮೀಟರಿಗೆ ಕೊಟ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೆಪಾಸಿಟಿ, ಇಎಸ್‌ಆರ್ ಹಳೇ ಹೆಣದ ಹತ್ತಿರ ಹತ್ತಿರ. ಅನುಮಾನ ಬಂದು ಒಂದನ್ನ ಕೊಯ್ದೆ. ದೊಡ್ಡ ಡಬ್ಬದೊಳಗೆ ಪುಟ್ಟ ಕೆಪಾಸಿಟರ್ ಹಾಯಾಗಿ ಮಲಗಿದೆ! ಇಂಥ ಫೋಟೋ ನೋಡಿ ನಗೋದು ಬೇರೆ, ದುಡ್ಡು ಕೊಟ್ಟು ನಮ್ಮ ಟೇಬಲ್ ಮೇಲೇ ನೋಡೋದು ಬೇರೆ. ಫೋಟೋ ಸಮೇತ ಕಂಪ್ಲೇಂಟ್ ಕಳಿಸಿದ್ದಕ್ಕೆ ಬಂದ ಉತ್ತರ: ನಿಮ್ಮ ಮೀಟರ್ ಕ್ಯಾಲಿಬ್ರೇಟ್ ಮಾಡಿಸಿ. ಕೊಯ್ದ ಡಬ್ಬಕ್ಕೂ ಕ್ಯಾಲಿಬ್ರೇಷನ್ ಬೇಕಾ ಗುರು? ಇನ್ನೊಬ್ಬ ಮಹಾನುಭಾವ ನಿಯತ್ತಿನ ಮಾಲೇ ಕಳಿಸಿದ, ಆದ್ರೆ 85 ಡಿಗ್ರಿದು, "ಒಂದೇ ಥರ ಕೆಲಸ ಮಾಡುತ್ತೆ ಸಾರ್" ಅಂತ ಬಿಲ್ ಮೇಲೆ ಚೀಟಿ ಬೇರೆ. ಕೊನೆಗೆ ಕಂಪನಿಯ ಅಧಿಕೃತ ವಿತರಕರ ಹತ್ತಿರ ಹೋದ್ರೆ ಅಲ್ಲಿ ಮಾಲು ಅಪ್ಪಟ, ಕೆಪಾಸಿಟರಿಗಿಂತ ಕೊರಿಯರ್ ಚಾರ್ಜೇ ಜಾಸ್ತಿ, ಜೊತೆಗೆ ಒಂದು ಪುಟಾಣಿ ಕವರಿಗೆ ಟಿವಿ ಹಿಡಿಸೋ ಅಷ್ಟು ದೊಡ್ಡ ಡಬ್ಬ.

ಕೀಳೋದೂ ಸಲೀಸಾಗಿರಲಿಲ್ಲ. ನೆಗೆಟಿವ್ ಕಾಲು ಅಗಲವಾದ ತಾಮ್ರದ ಪ್ಲೇನಿಗೆ ಅಂಟಿದೆ, ಬಿಸಿಯೆಲ್ಲ ಅದೇ ಕುಡಿಯುತ್ತೆ, ಹೊಸ ಲೆಡ್ ಬೆಸುಗೆ ಧಾರಾಳವಾಗಿ ಸೇರಿಸಿ ದಪ್ಪ ಟಿಪ್ ಹಾಕಿದ ಮೇಲೆ ಬಂತು. ಎತ್ತರ ಅಳೆದುಕೊಳ್ಳಿ, ಟ್ರೇ ಕೆಳಗೆ ಜಾಗ ಕಮ್ಮಿ, ನಾನು ಕಾಲು ಉದ್ದ ಬಿಟ್ಟು ಹೀಟ್ ಸಿಂಕಿಂದ ಆಚೆಗೆ ಸ್ವಲ್ಪ ಓರೆಯಾಗಿ ಮಲಗಿಸಿದ್ದೀನಿ. ಪಕ್ಕದ 5 ವೋಲ್ಟ್ ಲೈನಿನದ್ದನ್ನೂ ಕೈ ಬಿಸಿ ಇರೋವಾಗಲೇ ಬದಲಾಯಿಸಿದೆ, ಅದೂ ಅರ್ಧ ದಾರಿಗೆ ಬಂದಿತ್ತು.

ಈಗ ಸ್ಕೋಪಲ್ಲಿ ಆ ಹಳ್ಳ ಹುಡುಕಿ ನೋಡಿದ್ರೆ ಮಾತ್ರ ಕಾಣುತ್ತೆ, ರಿಪಲ್ ಸಣ್ಣ ಗೆರೆ. ಇಪಿಜಿ ಸ್ಕ್ಯಾನ್ ಮತ್ತೆ ಆನ್ ಮಾಡಿ, ಎರಡೂ ಟ್ಯೂನರಿಗೆ ರಾತ್ರಿಯಿಡೀ ಎದುರುಬದುರು ಪೋಲರೈಸೇಷನ್ ಕೆಲಸ ಕೊಟ್ಟು, ಬೆಳಿಗ್ಗೆ ಫೈಲುಗಳನ್ನ ಟಿಎಸ್‌ಡಕ್ಕಿಗೆ ಕೊಟ್ಟೆ. ಎರರ್ ಬಿಟ್ ಸೊನ್ನೆ, ಕೌಂಟರ್ ಹಾರಿದ್ದು ಸೊನ್ನೆ. ಮತ್ತೊಂದು ರಾತ್ರಿನೂ ಸೊನ್ನೆ. ಇದೇ ಪೆಟ್ಟಿಗೆ ಇರೋರು ಡಿಸ್ಕ್ ಆರ್ಡರ್ ಮಾಡೋ ಮುಂಚೆ ಇಪಿಜಿ ಸ್ಕ್ಯಾನ್ ಆಫ್ ಮಾಡಿ ಒಂದು ರಾತ್ರಿ ನೋಡಿ, ಅದಕ್ಕೆ ಸ್ಕ್ರೂಡ್ರೈವರೂ ಬೇಡ.

ಹಳೇ ಡಿಸ್ಕ್ ಸದ್ಯ ಕೆಟ್ಟ ಡಿಸ್ಕಿಂದಲೂ ನಕಲು ತೆಗೆಯೋ ಡಿಡಿರೆಸ್ಕ್ಯೂ ಕೆಳಗೆ ಓಡ್ತಿದೆ, ಆರಂಭದ ಭಾಗ ಸಲೀಸಾಗಿ ಬಂತು, ನಡುವೆ ಒಂದು ಕಡೆ ತೆವಳ್ತಿದೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡೋ ಮ್ಯಾಪ್ ಫೈಲ್ ಇರೋದ್ರಿಂದ ನಿಲ್ಲಿಸಿ ಡಿಸ್ಕ್ ತಣ್ಣಗಾದ ಮೇಲೆ ಅಲ್ಲಿಂದಲೇ ಮುಂದುವರಿಸಬಹುದು. ಪಿಟಿಎಸ್ ಸುತ್ತು ಬಿಡಿಸೋಕೆ ಇಐಟಿ ಪ್ಯಾಕೆಟಲ್ಲಿರೋ ತಾರೀಕು ಬಳಸೋ ಯೋಚನೆ ಇದೆ, ಆದ್ರೆ ಈ ರೆಕಾರ್ಡರ್ ಇಐಟಿ ಬರೋ ಪಿಐಡಿ 18ನ್ನ ಫೈಲಿಗೆ ಬರೀತಿತ್ತಾ ಇಲ್ವಾ ಅನ್ನೋದು ಇಮೇಜ್ ಮುಗಿದ ಮೇಲೇ ಗೊತ್ತಾಗೋದು.